ಪೋಪ್ ಅವರನ್ನು ಹತ್ತಿರದಿಂದ ನೋಡಿದಿರಾ?

ನೋಡಿದೆವು. ಕಟಕಟೆಯ ಈಚೆ, ನೂರಾರು ತಲೆಗಳ ಹಿಂದೆ ನಿಂತು, ಐದಾರು ಸೆಕೆಂಡುಗಳ ಕಾಲ ಒಂದು ಬಿಳಿ ಟೊಪ್ಪಿಗೆಯನ್ನೂ ಮೇಲೆತ್ತಿದ ಒಂದು ಕೈಯನ್ನೂ ನೋಡಿದೆವು. ಅವರ ಕೈ ಮುಟ್ಟಲಿಲ್ಲ, ಜಪಸರಕ್ಕೆ ಆಶೀರ್ವಾದ ಮಾಡಿಸಿಕೊಳ್ಳಲಿಲ್ಲ, ಜೊತೆಗೆ ನಿಂತು ಫೋಟೊ ತೆಗೆಸಿಕೊಳ್ಳಲಿಲ್ಲ. 2023ರ ಆಗಸ್ಟ್‌ನಲ್ಲಿ ನಮ್ಮ ಧರ್ಮಕೇಂದ್ರದ ಯುವಜನರನ್ನು ಕರೆದುಕೊಂಡು ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ನಡೆದ ವಿಶ್ವ ಯುವ ದಿನಕ್ಕೆ, ಅಂದರೆ ಕ್ಯಾಥೊಲಿಕ್ ಧರ್ಮಸಭೆಯ ಯುವಜನರ ಜಾಗತಿಕ ಸಮಾವೇಶಕ್ಕೆ, ಹೋಗಿ ಬಂದಂದಿನಿಂದ ಈ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇದ್ದೇನೆ. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡ ಮೇಲೆ ಆ ಪ್ರಶ್ನೆಗೆ ಮತ್ತೆ ಜೀವ ಬಂತು. ಈಗ, 2027ರಲ್ಲಿ ಮುಂದಿನ ವಿಶ್ವ ಯುವ ದಿನಕ್ಕಾಗಿ ದಕ್ಷಿಣ ಕೊರಿಯಾದ ಸೋಲ್ ನಗರಕ್ಕೆ ಹೋಗಲು ಹೆಸರು ಕೊಡುತ್ತಿರುವ ಮಕ್ಕಳ ತಂದೆತಾಯಿಗಳು "ಹತ್ತಿರದಿಂದ ನೋಡಲು ಸಿಗುತ್ತದೆಯೇ?" ಎಂದು ಮುಂಗಡವಾಗಿಯೇ ವಿಚಾರಿಸುತ್ತಿದ್ದಾರೆ. ಬಾಯಲ್ಲಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ.

ಕೇಳುವವರಲ್ಲಿ ಹೆಚ್ಚಿನವರು ಪ್ರೀತಿಯಿಂದಲೇ ಕೇಳುತ್ತಾರೆಂದು ನನಗೆ ಗೊತ್ತು. ಆದರೂ "ಹತ್ತಿರದಿಂದ" ಎಂಬ ಆ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ತಾಳ್ಮೆ ತಪ್ಪುತ್ತದೆ. ಎಷ್ಟು ದೂರದಲ್ಲಿದ್ದರು, ಮುಖ ಸ್ಪಷ್ಟವಾಗಿ ಕಂಡಿತೇ, ನಿಮ್ಮ ಕಡೆಗೇ ಕೈ ಬೀಸಿದರೇ ಎಂದು ಅಳತೆಪಟ್ಟಿ ಹಿಡಿದವರಂತೆ ಕೇಳುತ್ತಾ ಹೋಗುತ್ತಾರೆ, ಅಳತೆ ಸಾಲದೆಂದು ಗೊತ್ತಾದಾಗ "ಪಾಪ, ಅಷ್ಟು ದೂರ ಹೋಗಿಯೂ..." ಎಂದು ನಿಟ್ಟುಸಿರು ಬಿಡುತ್ತಾರೆ. ನಮ್ಮ ಯಾತ್ರೆ ಸಫಲವಾಯಿತೋ ವಿಫಲವಾಯಿತೋ ಎಂಬುದು ಆ ನಿಟ್ಟುಸಿರಿನಲ್ಲೇ ತೀರ್ಮಾನವಾಗಿಬಿಡುತ್ತದೆ.

ಈ ಪ್ರಶ್ನೆಯ ಮೇಲೆ ನನಗಿಷ್ಟು ಸಿಟ್ಟು ಬರಲು ಒಂದು ಕಾರಣವಿದೆ. ನಾವು ಮರಳಿ ಬಂದ ಎರಡನೆಯ ಭಾನುವಾರ, ಚರ್ಚಿನ ಬಲಿಪೂಜೆಯ (ಮಾಸ್) ನಂತರ, ಸಭಾಂಗಣದಲ್ಲಿ ಅನುಭವ ಹಂಚಿಕೊಳ್ಳುವ ಕಾರ್ಯಕ್ರಮವನ್ನು ಇಟ್ಟುಕೊಂಡಿದ್ದರು. ಹೋಗಿ ಬಂದ ಹನ್ನೊಂದು ಮಂದಿಯಲ್ಲಿ ಮಾತಾಡುತ್ತೇನೆಂದು ತಾನಾಗಿಯೇ ಮುಂದೆ ಬಂದವಳು ಗುಂಪಿನಲ್ಲೇ ಕಿರಿಯಳಾದ, ಹತ್ತೊಂಬತ್ತು ವರ್ಷದ ಹುಡುಗಿ. ಮೈಕಿನ ಮುಂದೆ ನಿಂತರೆ ಅಂಗೈ ಬೆವರುವ ಸ್ವಭಾವದವಳಾದರೂ ಎರಡು ಹಾಳೆ ತುಂಬ ಬರೆದುಕೊಂಡು ಬಂದಿದ್ದಳು. ಅದರ ಮೊದಲ ಸಾಲನ್ನು ನಾನು ಓದಿದ್ದೆ: "ನಾನು ನಿಮಗೆ ಒಬ್ಬ ಅಜ್ಜಿಯ ವಿಷಯ ಹೇಳಬೇಕು." ಅವಳು ಬಾಯಿ ತೆರೆಯುವಷ್ಟರಲ್ಲಿ ಎದುರಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಅದೆಲ್ಲ ಆಮೇಲೆ ಹೇಳುವೆಯಂತೆ ಮಗಳೇ, ಪೋಪ್ ಅವರನ್ನು ಹತ್ತಿರದಿಂದ ನೋಡಿದೆಯಾ, ಅದನ್ನು ಮೊದಲು ಹೇಳು," ಎಂದರು.

"ದೂರದಿಂದ ನೋಡಿದೆ ಅಂಕಲ್. ದೊಡ್ಡ ಪರದೆಯಲ್ಲಿ ಚೆನ್ನಾಗಿ ಕಾಣುತ್ತಿದ್ದರು."

"ಪರದೆಯ ಮೇಲೆ ನಾವೂ ನೋಡಿದೆವಲ್ಲಮ್ಮ, ಮನೆಯಲ್ಲೇ ಕೂತುಕೊಂಡು!"

ಸಭೆ ನಕ್ಕಿತು. ಅದು ಕೆಟ್ಟ ನಗೆಯೇನಲ್ಲ, ಅವಳೂ ನಕ್ಕಳು. ನಗುತ್ತಲೇ ಆ ಎರಡು ಹಾಳೆಗಳನ್ನು ನಾಲ್ಕಾಗಿ ಮಡಚಿ ಕೈಯಲ್ಲಿ ಹಿಡಿದುಕೊಂಡು, ಎಲ್ಲರ ಪ್ರಾರ್ಥನೆಗೆ ಧನ್ಯವಾದ ಹೇಳಿ ವೇದಿಕೆ ಇಳಿದುಬಿಟ್ಟಳು. ಆ ಹಾಳೆಗಳು ಮತ್ತೆ ಬಿಚ್ಚಿಕೊಳ್ಳಲಿಲ್ಲ. ಅವುಗಳಲ್ಲಿ ಇದ್ದದ್ದನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಹೇಳುತ್ತೇನೆ.

ಅದಕ್ಕಿಂತ ಮೊದಲು ಪೋಪ್ ಅವರ ವಿಷಯವನ್ನು ಮುಗಿಸುತ್ತೇನೆ. ಅವರನ್ನು ನೋಡುವುದೇ ವಿಶ್ವ ಯುವ ದಿನದ ಗುರಿಯೆಂದು ತಿಳಿದವರು ಅದರ ಚರಿತ್ರೆಯನ್ನು ಸ್ವಲ್ಪ ಗಮನಿಸಬೇಕು. ಪೋಪ್ ಎರಡನೆಯ ಜಾನ್ ಪಾಲ್ 1984ರಲ್ಲಿ ಯುವಜನರ ಕೈಗೆ 3.8 ಮೀಟರ್ ಎತ್ತರದ ಒಂದು ಮರದ ಶಿಲುಬೆಯನ್ನು ಒಪ್ಪಿಸಿದರು. ಮರುವರ್ಷ, 1985ರಲ್ಲಿ, ವಿಶ್ವ ಯುವ ದಿನವನ್ನು ಸ್ಥಾಪಿಸಿದರು. ಅಂದಿನಿಂದ ದೇಶದಿಂದ ದೇಶಕ್ಕೆ ಯುವಜನರ ಹೆಗಲ ಮೇಲೆ ಸಾಗುತ್ತಿರುವುದು ಆ ಶಿಲುಬೆ, 2003ರಿಂದ ಅದರ ಜೊತೆಗೆ ಮಾತೆ ಮರಿಯಮ್ಮನವರ ಒಂದು ಚಿತ್ರಪಟ. 2024ರ ನವೆಂಬರ್‌ನಲ್ಲಿ ರೋಮಿನಲ್ಲಿ ಪೋರ್ಚುಗಲ್ಲಿನ ಯುವಕ ಯುವತಿಯರು ಅವೆರಡನ್ನೂ ಕೊರಿಯಾದವರಿಗೆ ಹಸ್ತಾಂತರಿಸಿದರು. ಕರೆದ ಪೋಪ್ ಅವರೇ ಬಂದವರಿಗೆ ಸಿಗುತ್ತಾರೆಂಬ ಖಾತರಿಯೂ ಇಲ್ಲ. 2005ರ ಜರ್ಮನಿಯ ಕಲೋನ್ ಸಮಾವೇಶಕ್ಕೆ ಕರೆದವರು ಎರಡನೆಯ ಜಾನ್ ಪಾಲ್. ಅದೇ ವರ್ಷದ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು, ಯುವಜನರನ್ನು ಎದುರುಗೊಂಡವರು ಹದಿನಾರನೆಯ ಬೆನೆಡಿಕ್ಟ್. 2013ರಲ್ಲಿ ಬ್ರೆಜಿಲ್ಲಿನ ರಿಯೊಗೆ ಕರೆದವರು ಬೆನೆಡಿಕ್ಟ್, ಬಂದವರು ಫ್ರಾನ್ಸಿಸ್. ಸೋಲ್‌ಗೆ ಬನ್ನಿರೆಂದು ಲಿಸ್ಬನ್ನಿನ ಕೊನೆಯ ದಿನ ಫ್ರಾನ್ಸಿಸ್ ಅವರು ಕರೆದದ್ದನ್ನು ನಾವೇ ಕಿವಿಯಾರೆ ಕೇಳಿದ್ದೇವೆ; ಈಗ ಪೀಠದಲ್ಲಿರುವವರು ಹದಿನಾಲ್ಕನೆಯ ಲಿಯೊ. ಆದರೆ ಶಿಲುಬೆ ಮಾತ್ರ ಅದೇ.

ನಮ್ಮ ಗುಂಪಿನಲ್ಲಿ ಹನ್ನೆರಡನೆಯವನೊಬ್ಬನಿದ್ದ. ಅವನ ವೀಸಾ ಅರ್ಜಿ ತಿರಸ್ಕೃತವಾಯಿತು, ಹೊರಡಲು ಒಂಬತ್ತು ದಿನವಿರುವಾಗ. ಸಮಾವೇಶದ ಕೊನೆಯ ದಿನದ ಹಿಂದಿನ ರಾತ್ರಿ ನಡೆಯುವ ಜಾಗರಣೆಯ ಪ್ರಾರ್ಥನೆಯಂದು ಅಲ್ಲಿ ಒಂಬತ್ತು ಗಂಟೆಯಾಗಿದ್ದಾಗ ಇಲ್ಲಿ ಒಂದೂವರೆ. ಅವನು ಮನೆಮಂದಿಯೆಲ್ಲ ಮಲಗಿದ ಮೇಲೆ ಒಬ್ಬನೇ ಟಿವಿಯ ಮುಂದೆ ಕೂತು ಪೋಪ್ ಅವರ ಮುಖದ ಒಂದೊಂದು ಗೆರೆಯನ್ನೂ ನೋಡಿದ್ದಾನೆ. ಹತ್ತಿರದಿಂದ ನೋಡಿದವನು ನಮ್ಮೆಲ್ಲರಲ್ಲಿ ಅವನೇ. ಪ್ರಾರ್ಥನೆ ಮುಗಿದ ಮೇಲೆ ಬಹಳ ಹೊತ್ತು ಅತ್ತೆನೆಂದು ಆಮೇಲೆ ನನಗೆ ಹೇಳಿದ. ನೋಡುವುದಷ್ಟೇ ಬೇಕಾಗಿದ್ದರೆ ಅವನು ಅಳಬೇಕಾದ ಕಾರಣವೇನಿತ್ತು?

ನಮ್ಮನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯದು. "ರಾತ್ರಿ ಎಲ್ಲಿ ಮಲಗಿದಿರಿ?" ಎಂದು ಯಾರಾದರೂ ಕೇಳಲೆಂದು ನಾನು ಈಗಲೂ ಕಾಯುತ್ತೇನೆ. ಇದು ಸಣ್ಣ ಪ್ರಶ್ನೆಯಲ್ಲ. ಲಿಸ್ಬನ್ ಸಮಾವೇಶಕ್ಕೆ ಆರಿಸಿದ್ದ ವಾಕ್ಯ ಬೈಬಲಿನ ಲೂಕನ ಶುಭಸಂದೇಶದ ಮೊದಲ ಅಧ್ಯಾಯದ 39ನೆಯದು, ಮರಿಯಮ್ಮ ಎದ್ದು ಅವಸರದಿಂದ ಹೊರಟಳೆಂಬುದು. ಎಲ್ಲರ ಬಾಯಲ್ಲೂ ಇದ್ದದ್ದು ಆ ಅವಸರ. ಆದರೆ ಅವಳು ಹೋಗಿ ತಲುಪಿದ್ದು ಒಂದು ಮನೆಯನ್ನು, ಬಾಗಿಲಲ್ಲಿ ಅವಳನ್ನು ಸ್ವಾಗತಿಸಿದವಳು ಅವಳ ಬಂಧು, ವಯಸ್ಸಾದ ಎಲಿಜಬೇತ್, ಅಲ್ಲಿ ಅವಳು ಸುಮಾರು ಮೂರು ತಿಂಗಳು ಉಳಿದಳೆಂದು ಲೂಕನು ಮರೆಯದೆ ಬರೆದಿದ್ದಾನೆ. ಎಲ್ಲಿ ಉಳಿದಳೆಂಬುದು ಶುಭಸಂದೇಶಕ್ಕೆ ಮುಖ್ಯವಾಗಿತ್ತು.

ನಮ್ಮ ಹುಡುಗರು ಶಾಲೆಯೊಂದರ ಆಟದ ಅಂಗಣದಲ್ಲಿ ಚಾಪೆ ಹಾಸಿಕೊಂಡು ಮಲಗಿದರು. ಇಬ್ಬರು ಹುಡುಗಿಯರಿಗೂ ನನಗೂ ಸಿಕ್ಕಿದ್ದು ತೇಜೊ ನದಿಯ ದಕ್ಷಿಣ ದಡದ ಅಲ್ಮಾದ ಊರಿನ ಒಂದು ಮನೆ. ಎರಡು ಕೈಗಳನ್ನು ಚಾಚಿ ಲಿಸ್ಬನ್ನಿನ ಕಡೆಗೆ ನೋಡುತ್ತಾ ನಿಂತಿರುವ, 1959ರಲ್ಲಿ ಉದ್ಘಾಟನೆಯಾದ ಕ್ರಿಸ್ತರಾಜರ ಬೃಹತ್ ಪ್ರತಿಮೆ ಇರುವುದು ಆ ಊರಿನಲ್ಲೇ. ಅಲ್ಲಿಂದ ದಿನವೂ ದೋಣಿಯಲ್ಲಿ ನದಿ ದಾಟಿ ಕಾರ್ಯಕ್ರಮಗಳಿಗೆ ಹೋಗುತ್ತಿದ್ದೆವು. ಮನೆ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಒಂಟಿಯಾಗಿ ಬದುಕುತ್ತಿದ್ದ ಆ ಅಜ್ಜಿಗೆ ಎಂಬತ್ತು ಹತ್ತಿರವಾಗಿತ್ತು. ಅವರಿಗೆ ಪೋರ್ಚುಗೀಸ್ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ, ನಮಗೆ ಪೋರ್ಚುಗೀಸಿನಲ್ಲಿ ಧನ್ಯವಾದ ಹೇಳಲು ಮಾತ್ರ ಬರುತ್ತಿತ್ತು. ಒಂದು ಮಲಗುವ ಕೋಣೆ, ಒಂದು ನಡುಮನೆ, ಒಂದು ಅಡುಗೆಮನೆ. ಹುಡುಗಿಯರಿಗೆ ಮಂಚವನ್ನೂ ನನಗೆ ನಡುಮನೆಯ ಸೋಫಾವನ್ನೂ ತೋರಿಸಿ, ತಾನು ಪಕ್ಕದ ಮನೆಯಲ್ಲಿ ಮಲಗುತ್ತೇನೆಂದು ಅವರು ಸನ್ನೆ ಮಾಡಿ ತಿಳಿಸಿದರು. ನಾವು ನಂಬಿದೆವು.

ರಾತ್ರಿ ಎರಡು ಗಂಟೆಗೆ ಕಿರಿಯವಳು ನೀರು ಕುಡಿಯಲು ಎದ್ದು ಅಡುಗೆಮನೆಗೆ ಹೋದಳು. ಅಜ್ಜಿ ಅಲ್ಲಿದ್ದರು. ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿ, ಮಡಿಸಿದ ಟವೆಲನ್ನು ಗೋಡೆಗೆ ಒತ್ತಿ ಅದರ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಬೆರಳುಗಳ ನಡುವೆ ಜಪಸರವಿತ್ತು, ಚಪ್ಪಲಿಗಳನ್ನು ಸದ್ದಾಗದಂತೆ ಬಾಗಿಲ ಹಿಂದೆ ಜೋಡಿಸಿಟ್ಟಿದ್ದರು. ನೀರು ಕುಡಿಯದೆ ಬಂದು ಅವಳು ನನ್ನನ್ನು ಎಬ್ಬಿಸಿದಳು. ನಾವಿಬ್ಬರೂ ಕತ್ತಲಲ್ಲಿ ಬಾಗಿಲ ಬಳಿ ನಿಂತು ನೋಡಿದೆವು. ಎಬ್ಬಿಸಿದರೆ ಅವರು ಗುಟ್ಟಾಗಿ ಕೊಟ್ಟದ್ದನ್ನು ಕಿತ್ತುಕೊಂಡಂತಾಗುತ್ತದೆ ಎನ್ನಿಸಿ ಹಾಗೆಯೇ ಹಿಂದಿರುಗಿದೆವು. ಬೆಳಗಿನವರೆಗೆ ಇಬ್ಬರಿಗೂ ನಿದ್ದೆ ಬರಲಿಲ್ಲ.

ಮರುದಿನ ರಾತ್ರಿ ನಮ್ಮ ಹುಡುಗಿ ಊಟವಾದ ಕೂಡಲೇ ಹೊದಿಕೆ ತಂದು ಅಡುಗೆಮನೆಯ ನೆಲದ ಮೇಲೆ ಅಡ್ಡಲಾಗಿ ಮಲಗಿಬಿಟ್ಟಳು. ಅಜ್ಜಿ ಸೊಂಟಕ್ಕೆ ಕೈಯಿಟ್ಟು ಪೋರ್ಚುಗೀಸಿನಲ್ಲಿ ಬೈದರು. ಇವಳು ಮಲಗಿದಲ್ಲಿಂದಲೇ ಕನ್ನಡದಲ್ಲಿ, "ಏನು ಬೇಕಾದರೂ ಬೈಯಿರಿ ಅಜ್ಜಿ, ನಾನಂತೂ ಏಳುವುದಿಲ್ಲ," ಎಂದಳು. ಹತ್ತು ನಿಮಿಷ ನಡೆದ ಆ ಜಗಳದಲ್ಲಿ ಒಬ್ಬರ ಒಂದು ಪದವೂ ಇನ್ನೊಬ್ಬರಿಗೆ ತಿಳಿಯಲಿಲ್ಲ, ಆದರೂ ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಕಡೆಗೆ ಅಜ್ಜಿಗೇ ನಗು ಬಂದು ರಾಜಿಯಾಯಿತು: ಮಂಚದ ಮೇಲೆ ಅಜ್ಜಿ ಮತ್ತು ಇವಳು, ಪಕ್ಕದಲ್ಲಿ ನೆಲದ ಹಾಸಿಗೆಯ ಮೇಲೆ ಇನ್ನೊಬ್ಬಳು. ಅಂದಿನಿಂದ ದಿನವೂ ಮಲಗುವ ಮೊದಲು ನಾಲ್ವರೂ ಸೇರಿ ಜಪಸರ ಪ್ರಾರ್ಥನೆ ಮಾಡಿದೆವು. ಅವರು "ಆವೆ ಮರಿಯಾ" ಎಂದು ತಮ್ಮ ಭಾಷೆಯಲ್ಲಿ ಆರಂಭಿಸಿದರೆ ನಾವು ಉತ್ತರಾರ್ಧವನ್ನು ಕನ್ನಡದಲ್ಲಿ ಹೇಳಿ ಮುಗಿಸುತ್ತಿದ್ದೆವು; ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎತ್ತಿಕೊಳ್ಳಬೇಕು ಎಂಬುದರಲ್ಲಿ ಒಮ್ಮೆಯೂ ತಪ್ಪಲಿಲ್ಲ. ಆಗಸ್ಟ್ 3ರ ಸ್ವಾಗತ ಸಮಾರಂಭದಲ್ಲಿ ಪೋಪ್ ಫ್ರಾನ್ಸಿಸ್ ಬರೆದುಕೊಂಡು ಬಂದ ಭಾಷಣವನ್ನು ಪಕ್ಕಕ್ಕಿಟ್ಟು, ಧರ್ಮಸಭೆಯಲ್ಲಿ ಎಲ್ಲರಿಗೂ, ಎಲ್ಲರಿಗೂ, ಎಲ್ಲರಿಗೂ ಸ್ಥಳವಿದೆಯೆಂದು ಹೇಳಿ ನೆರೆದವರಿಂದಲೂ ಅದನ್ನು ಹೇಳಿಸಿದಾಗ, ನನ್ನ ಪಕ್ಕದಲ್ಲಿದ್ದ ಈ ಹುಡುಗಿ, "ಅಜ್ಜಿಯ ಮಂಚದ ಹಾಗೆ ಅಲ್ಲವೇ ಅಕ್ಕಾ?" ಎಂದಳು. ಆ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಇಂದಿನವರೆಗೂ ಕೇಳಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಲಿಸ್ಬನ್ನಿನ ಬೆಲೇಮ್ ಭಾಗದ ಉದ್ಯಾನದಲ್ಲಿ, ಗುರುಗಳ ಮುಂದೆ ಪಾಪಗಳನ್ನು ಹೇಳಿಕೊಂಡು ಕ್ಷಮೆ ಬೇಡುವ ಪಾಪನಿವೇದನೆಗಾಗಿ, ಕೈದಿಗಳು ತಮ್ಮ ಕೈಯಾರೆ ಮಾಡಿದ 150 ಪೀಠಗಳಿದ್ದವು. ಹಲವು ವರ್ಷಗಳಿಂದ ಪಾಪನಿವೇದನೆಗೆ ಹೋಗದಿದ್ದ ನಮ್ಮ ಹುಡುಗನೊಬ್ಬ, ಅವನ್ನು ಯಾರು ಮಾಡಿದರೆಂದು ತಿಳಿದ ಮೇಲೆ, ಯಾರೂ ಹೇಳದೆಯೇ ಹೋಗಿ ಸಾಲಿನಲ್ಲಿ ನಿಂತ. ಆಗಸ್ಟ್ 5ರ ಬೆಳಿಗ್ಗೆ ಅಜ್ಜಿ ಒಂದು ದೊಡ್ಡ ದುಂಡು ಬ್ರೆಡ್ಡನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಅದನ್ನು ಹೊತ್ತುಕೊಂಡು ಬಿಸಿಲಲ್ಲಿ ನಡೆದು ತೇಜೊ ದಡದ ಬಯಲನ್ನು ಸೇರಿದೆವು. ಅದರ ಒಂದು ಭಾಗ ಹಿಂದೆ ನಗರದ ಕಸ ಸುರಿಯುತ್ತಿದ್ದ ಜಾಗ. ಆ ರಾತ್ರಿ ಅಲ್ಲಿ ಸುಮಾರು 15 ಲಕ್ಷ ಜನ ಸೇರಿದ್ದರು. ನಾನು ಮೊದಲು ಹೇಳಿದ ಐದಾರು ಸೆಕೆಂಡು ಬಂದು ಹೋದದ್ದು ಅಂದು ಸಂಜೆ. ಜಾಗರಣೆಯಲ್ಲಿ ಪೋಪ್ ಅವರು, ನಿಮ್ಮ ಬದುಕಿಗೆ ಬೆಳಕಾದವರನ್ನು ಸ್ವಲ್ಪ ಹೊತ್ತು ಮೌನವಾಗಿ ನೆನೆಯಿರೆಂದು ಕೇಳಿಕೊಂಡರು. ಒಬ್ಬರನ್ನು ಮೇಲಿನಿಂದ ಕೆಳಕ್ಕೆ ನೋಡುವುದು ಸರಿಯೆನಿಸುವುದು ಬಿದ್ದವರನ್ನು ಎತ್ತಲು ಬಾಗಿದಾಗ ಮಾತ್ರ ಎಂದೂ ಹೇಳಿದರು. ಆಮೇಲೆ ಪರಮಪ್ರಸಾದದ, ಅಂದರೆ ಕ್ರಿಸ್ತರ ಶರೀರವೆಂದು ನಾವು ನಂಬುವ ರೊಟ್ಟಿಯ, ಆರಾಧನೆ. ಅಷ್ಟು ಜನ ಒಟ್ಟಾಗಿ ಸುಮ್ಮನಾದಾಗ ದೂರದಲ್ಲೆಲ್ಲೋ ಒಂದು ಮಗು ಕೆಮ್ಮಿದ್ದು ಕೇಳಿಸಿತು. ಬ್ರೆಡ್ಡನ್ನು ಹನ್ನೊಂದು ತುಂಡು ಮಾಡಬೇಕೆಂದು ಲೆಕ್ಕ ಹಾಕಿದ್ದೆವು. ಪಕ್ಕದಲ್ಲಿ ಹಾಸಿಕೊಂಡಿದ್ದ, ಯಾವ ದೇಶದವರೆಂದು ಕೊನೆಗೂ ತಿಳಿಯದ ನಾಲ್ವರು ಸೇರಿ ಹದಿನೈದಾಯಿತು.

ಭಾನುವಾರದ ಬಲಿಪೂಜೆ ಮುಗಿಸಿ, ಜನಸಾಗರದಿಂದ ಹೊರಬಿದ್ದು, ದೋಣಿ ಹತ್ತಿ, ಮೂರು ಮಹಡಿ ಮೆಟ್ಟಿಲೇರುವಾಗ ಸಂಜೆ ಏಳಾಗಿತ್ತು. ಬಾಗಿಲು ತೆರೆದಾಗ ಒಳಗೆ ಟಿವಿ ಇನ್ನೂ ಓಡುತ್ತಿತ್ತು. ಎರಡು ದಿನವೂ ಅಜ್ಜಿ ಅದರ ಮುಂದಿನಿಂದ ಎದ್ದಿರಲಿಲ್ಲವೆಂದು ಕಾಣುತ್ತದೆ. ಧೂಳು ಮೆತ್ತಿದ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಎರಡು ಅಂಗೈ ಜೋಡಿಸಿ ಕೆನ್ನೆಯಡಿ ಇಟ್ಟುಕೊಂಡು "ದೊರ್ಮಿರಾಂ?" ಎಂದು ಕೇಳಿದರು. ನಿದ್ದೆ ಮಾಡಿದಿರಾ? ನಮ್ಮವಳು ಇಲ್ಲವೆಂದು ತಲೆಯಾಡಿಸಿದಳು. ಅಜ್ಜಿ ಅವಳ ಕೈ ಹಿಡಿದು ಕೋಣೆಗೆ ಕರೆದುಕೊಂಡು ಹೋದರು. ಕಿಟಕಿಯ ಪರದೆ ಎಳೆದಿತ್ತು, ಹಾಸಿಗೆಯ ಬಟ್ಟೆ ಬದಲಾಯಿಸಿತ್ತು, ಮಂಚದ ಮೇಲೆ ಎರಡು ದಿಂಬುಗಳು ಅಕ್ಕಪಕ್ಕ ಇದ್ದವು.