ಲಂಡನ್‌ಗೆ ಸೈಕಲ್ ಒಯ್ಯಬೇಕಾ, ಅಲ್ಲೇ ಬಾಡಿಗೆಗೆ ತೊಗೋಬೇಕಾ?

ತಿಂಗಳಿಗೊಬ್ಬರಾದರೂ ಇದನ್ನು ಕೇಳುತ್ತಾರೆ. ನಂದಿ ಬೆಟ್ಟದ ಬುಡದಲ್ಲಿ ಟೀ ಕುಡಿಯುವಾಗ ಕೇಳುತ್ತಾರೆ, ಆಫೀಸಿನ ಲಿಫ್ಟಿನಲ್ಲಿ ಕೇಳುತ್ತಾರೆ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಕೇಳುತ್ತಾರೆ. "ಸರ್, ಎರಡು ವಾರ ಲಂಡನ್‌ಗೆ ಕಳಿಸ್ತಿದ್ದಾರೆ. ನನ್ನ ರೋಡ್ ಬೈಕ್ ತೊಗೊಂಡು ಹೋಗ್ಲಾ, ಅಲ್ಲೇ ಬಾಡಿಗೆಗೆ ತೊಗೊಳ್ಲಾ?"

(ನಮ್ಮ ಮಾವ ಮಾತ್ರ "ಬೈಕ್ ಅಂದ್ರೆ ಬುಲೆಟ್ಟಾ?" ಅಂದಿದ್ದರು. ಅಲ್ಲ ಮಾವ, ಸೈಕಲ್ಲು. ಬಾಗಿದ ಹ್ಯಾಂಡಲ್, ತೆಳು ಟೈರು, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. "ಸ್ಟ್ಯಾಂಡೂ ಇಲ್ವಾ!" ಅಂದು ಸುಮ್ಮನಾದರು.)

ನನ್ನ ಉತ್ತರ ಇಷ್ಟು: ಸೈಕಲ್ ಮನೆಯಲ್ಲೇ ಇರಲಿ. ಪೆಡಲ್, ಶೂ, ಹೆಲ್ಮೆಟ್ ಮತ್ತು ಅಳತೆ ಬರೆದ ಒಂದು ಚೀಟಿ ಸೂಟ್‌ಕೇಸಿಗೆ ಹಾಕಿಕೊಳ್ಳಿ. ಮಿಕ್ಕಿದ್ದೆಲ್ಲ ಬಾಡಿಗೆಗೆ ಸಿಗುತ್ತದೆ.

ಮೊದಲ ಸಲ ನಾನೂ ಸೈಕಲ್ ಹೊತ್ತುಕೊಂಡೇ ಹೋಗಿದ್ದೆ. ಎರಡು ರಾತ್ರಿ ಕೂತು ಬಿಚ್ಚಿ, ಫೋಮ್ ಸುತ್ತಿ, ಡಬ್ಬಕ್ಕೆ ಹಾಕಿದ್ದೆ. ಅಲ್ಲಿ ತೆರೆದು ನೋಡಿದರೆ ಹಿಂದಿನ ಗೇರ್ ನೇತುಹಾಕುವ ಹ್ಯಾಂಗರ್ ಬಾಗಿತ್ತು. ಅದು ಬೆರಳುದ್ದದ ಅಲ್ಯೂಮಿನಿಯಂ ತುಂಡು. ಪೆಟ್ಟು ಬಿದ್ದಾಗ ಫ್ರೇಮಿನ ಬದಲು ತಾನು ಬಾಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಆದರೆ ಒಂದು ಫ್ರೇಮಿನದು ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರುವುದಿಲ್ಲ. ನನ್ನದಕ್ಕೆ ಸರಿಯಾದದ್ದು ಹುಡುಕಲು ನಾಲ್ಕು ದಿನ ಹಿಡಿಯಿತು. ಅಷ್ಟೂ ದಿನ ಆ ಡಬ್ಬ ಹೋಟೆಲ್ ರೂಮಿನಲ್ಲಿ ಮಂಚಕ್ಕೂ ಬಾತ್‌ರೂಮಿಗೂ ನಡುವೆ ನಿಂತಿತ್ತು. ರಾತ್ರಿ ಎದ್ದಾಗಲೆಲ್ಲ ಮೊಣಕಾಲಿಗೆ ಬಡಿಯುತ್ತಿತ್ತು. ಎರಡು ವಾರದಲ್ಲಿ ನಾನು ಓಡಿಸಿದ್ದು ಎರಡೇ ಸಲ.

ಬಾಡಿಗೆ ಸೈಕಲ್ ನಮಗೇನು ಹೊಸದಲ್ಲ, ಅಲ್ವಾ? ನಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ಸೈಕಲ್ ಶಾಪಿನಲ್ಲಿ ಗಂಟೆಗೆ ಒಂದು ರೂಪಾಯಿ. ಅಂಗಡಿಯವರು ಹೆಸರು, ಅಪ್ಪನ ಹೆಸರು, ಟೈಮು ಬರೆದುಕೊಂಡು ಕೈಗೆ ಬಂದದ್ದನ್ನು ಕೊಡುತ್ತಿದ್ದರು. ಕಾಲು ಎಟುಕದಿದ್ದರೆ ಬಾರ್ ಕೆಳಗೆ ಕಾಲು ತೂರಿಸಿ ಓಡಿಸುತ್ತಿದ್ದೆವು. ರೋಡ್ ಬೈಕಿನಲ್ಲಿ ಈ ಆಟ ನಡೆಯುವುದಿಲ್ಲ. ಸೀಟು ಒಂದು ಸೆಂಟಿಮೀಟರ್ ತಗ್ಗಿದ್ದರೂ ಐವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ. ಮಾರನೇ ದಿನ ಕ್ಲೈಂಟ್ ಮುಂದೆ ಕುಂಟಿಕೊಂಡು ಹೋಗಬೇಕಾಗುತ್ತದೆ. ನಾನು ಹೋಗಿದ್ದೇನೆ.

ಅದಕ್ಕೇ ಆ ಚೀಟಿ. ಹೊರಡುವ ಮುಂಚೆ ನಿಮ್ಮ ಸೈಕಲ್ ಪಕ್ಕ ಒಂದು ಟೇಪ್ ಹಿಡಿದು ಕೂರಿ. ಪೆಡಲ್ ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟು? ಸೀಟಿನ ಮೂತಿಯಿಂದ ಹ್ಯಾಂಡಲ್ ನಡುವಿಗೆ ಎಷ್ಟು? ಸೀಟಿಗಿಂತ ಹ್ಯಾಂಡಲ್ ಎಷ್ಟು ಕೆಳಗಿದೆ? ಈ ಮೂರು ಬರೆದುಕೊಳ್ಳಿ. ನನ್ನ ಮೊದಲನೇ ಅಂಕಿ 71.5 ಸೆಂಟಿಮೀಟರ್, ಮನೆಯ ಪಿನ್‌ಕೋಡ್ ಮರೆತರೂ ಇದು ಮರೆಯುವುದಿಲ್ಲ. "ನನ್ನ ಫ್ರೇಮು 54 ಸೈಜ್" ಅಂದರೆ ಸಾಲದು. ಒಂದು ಕಂಪನಿಯ 54 ಇನ್ನೊಂದರ 56ರಷ್ಟು ಉದ್ದ ಇರುತ್ತದೆ, ನಮ್ಮ ರೆಡಿಮೇಡ್ ಶರ್ಟಿನ ಹಾಗೆ. ಮೂರು ಅಳತೆಯನ್ನೂ ಮೊದಲೇ ಇಮೇಲ್ ಮಾಡಿದರೆ ಒಳ್ಳೆಯ ಅಂಗಡಿಯವರು ಸೀಟು ಎತ್ತರಿಸಿ, ಬೇಕಿದ್ದರೆ ಸ್ಟೆಮ್ (ಹ್ಯಾಂಡಲ್ಲನ್ನು ಹಿಡಿದಿಡುವ ತುಂಡು) ಬದಲಿಸಿ ಇಟ್ಟಿರುತ್ತಾರೆ. "ಬನ್ನಿ, ಆಮೇಲೆ ನೋಡೋಣ" ಅಂತ ಉತ್ತರ ಬಂದರೆ ಬೇರೆ ಅಂಗಡಿ ನೋಡಿ. ಬೇಸಿಗೆಯ ಶನಿವಾರ, ಭಾನುವಾರ ಮಾಮೂಲಿ ಸೈಜುಗಳು ಬೇಗ ಖಾಲಿಯಾಗುತ್ತವೆ. ಟಿಕೆಟ್ ಕೈಗೆ ಬಂದ ದಿನವೇ ಬುಕ್ ಮಾಡಿ.

ಪೆಡಲ್ ಯಾಕೆ ಒಯ್ಯಬೇಕು? ಪೆಡಲ್ಲಿಗೆ ಸಿಕ್ಕಿಕೊಳ್ಳುವ ಕ್ಲೀಟ್ ಶೂ ಹಾಕುವವರಿಗೆ ಗೊತ್ತು, ಶೂಗೆ ತಕ್ಕ ಪೆಡಲೇ ಬೇಕು. ಬಾಡಿಗೆ ಸೈಕಲ್ಲಿಗೆ ಸಾಮಾನ್ಯವಾಗಿ ಚಪ್ಪಟೆ ಪೆಡಲ್ ಹಾಕಿರುತ್ತಾರೆ. ನಿಮ್ಮದನ್ನು ಕೊಟ್ಟರೆ ಎರಡು ನಿಮಿಷದಲ್ಲಿ ಕೂರಿಸಿ ಕೊಡುತ್ತಾರೆ. ನೀವೇ ಹಾಕುವುದಾದರೆ ನೆನಪಿರಲಿ, ಎಡ ಪೆಡಲ್ಲಿನ ಸ್ಕ್ರೂ ಸುತ್ತು ಉಲ್ಟಾ. ಬಲಗಡೆಯದರಂತೆ ತಿರುಗಿಸಿ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಕೆಡಿಸಿದರೆ ಡೆಪಾಸಿಟ್ಟಿನಲ್ಲಿ ಹಿಡಿಯುತ್ತಾರೆ. ಡೆಪಾಸಿಟ್ಟನ್ನು ಸಾಮಾನ್ಯವಾಗಿ ಕ್ರೆಡಿಟ್ ಕಾರ್ಡಿನಲ್ಲಿ ಬ್ಲಾಕ್ ಮಾಡುತ್ತಾರೆ. ಅದು ಆಫೀಸಿನ ಕಾರ್ಡ್ ಆಗದಿರಲಿ, ಫೈನಾನ್ಸ್‌ನವರಿಗೆ ಯಾರು ಉತ್ತರ ಕೊಡುತ್ತಾರೆ! ಸೈಕಲ್ ಕೈಗೆ ಬಂದ ಕೂಡಲೇ ಸುತ್ತ ಫೋಟೋ ತೆಗೆಯಿರಿ, ಚೈನ್ ಪಕ್ಕದ ಗೀರೂ ಬರಬೇಕು.

ಬ್ರೇಕ್ ವಿಷಯದಲ್ಲಿ ಲಂಡನ್ ನಮಗೆ ಮಾವನ ಮನೆ ಇದ್ದ ಹಾಗೆ. ಬಲಗೈ ಹಿಡಿದರೆ ಮುಂದಿನ ಬ್ರೇಕು, ರಸ್ತೆಯ ಎಡಕ್ಕೆ ಹೋಗುವುದು, ಎಲ್ಲ ನಮ್ಮದೇ ಪದ್ಧತಿ. ಇದೇ ನೀವು ಅಮೆರಿಕಕ್ಕೋ ಜರ್ಮನಿಗೋ ಹೋದರೆ ಮುಂದಿನ ಬ್ರೇಕು ಎಡಗೈಯಲ್ಲಿರುತ್ತದೆ. ಹಿಂದಿನದು ಅಂದುಕೊಂಡು ಎಡಗೈ ಗಟ್ಟಿಯಾಗಿ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ. ಅಲ್ಲೆಲ್ಲ ಮೊದಲ ಅರ್ಧ ಗಂಟೆ ಖಾಲಿ ಬೀದಿಯಲ್ಲಿ ಸುಮ್ನೆ ಬ್ರೇಕ್ ಹಿಡಿದು ಬಿಟ್ಟು ಅಭ್ಯಾಸ ಮಾಡಿ.

"ಬೀದಿಬೀದಿಯಲ್ಲಿ ಬಾಡಿಗೆ ಸೈಕಲ್ ನಿಂತಿರುತ್ತಲ್ಲ, ಅದೇ ಸಾಕಲ್ವಾ?" ಅಂತಲೂ ಕೇಳುತ್ತಾರೆ. 2010ರಲ್ಲಿ ಶುರುವಾದ ಆ ಸೈಕಲ್ಲುಗಳು ಇಪ್ಪತ್ತು ಕಿಲೋಗಿಂತ ಜಾಸ್ತಿ ತೂಗುತ್ತವೆ, ಮೂರೇ ಗೇರು. ಸ್ಟೇಷನ್ನಿನಿಂದ ಆಫೀಸಿಗೆ ಹೋಗಲು ಅದಕ್ಕಿಂತ ಒಳ್ಳೆಯದಿಲ್ಲ. ರೋಡ್ ಬೈಕ್ ಬೇರೆ ಆಸೆ.

ಕೆಲಸದ ನಡುವೆ ಟೈಮ್ ಎಲ್ಲಿ ಅಂತೀರಾ? ಆ ಟೈಮನ್ನು ಜೆಟ್ ಲ್ಯಾಗ್ ಕೊಡುತ್ತದೆ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ನಾಲ್ಕು ಗಂಟೆ ಅಂದರೆ ಬೆಂಗಳೂರಿನ ಎಂಟೂವರೆ, ನಿಮಗೆ ಎಚ್ಚರ ಆಗೇ ಆಗುತ್ತದೆ. ಜೂನ್‌ನಲ್ಲಿ ಅಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ. ಸಹೋದ್ಯೋಗಿಗಳು ಕತ್ತಲೆ ಪರದೆ ಎಳೆದು ನಿದ್ದೆ ಮಾತ್ರೆ ಹುಡುಕುವ ಹೊತ್ತಿಗೆ ನೀವು ರಸ್ತೆಯಲ್ಲಿರಬಹುದು. ಸ್ನಾನ ಮುಗಿಸಿ ಒಂಬತ್ತಕ್ಕೆ ಮೀಟಿಂಗಿಗೆ ಕೂತರೆ ಯಾರಿಗೂ ಗೊತ್ತಾಗುವುದಿಲ್ಲ.

ಹೋಟೆಲ್ ಆರಿಸುವ ಅವಕಾಶ ಇದ್ದರೆ ಹ್ಯಾಮರ್‌ಸ್ಮಿತ್ ಕಡೆ ನೋಡಿ. ಅಲ್ಲಿಯ ಹಳೇ ತೂಗು ಸೇತುವೆ 1887ರದು. ಕಬ್ಬಿಣದಲ್ಲಿ ಬಿರುಕು ಕಂಡದ್ದರಿಂದ 2019ರಲ್ಲಿ ಮೋಟಾರು ಗಾಡಿಗಳನ್ನು ನಿಲ್ಲಿಸಿದರು. ಕಾರಿನವರಿಗೆ ಇದು ದೊಡ್ಡ ತಲೆನೋವು. ನಮಗೆ ಮಾತ್ರ ಹಾರ್ನ್ ಇಲ್ಲದ ಸೇತುವೆ, ಕೆಳಗೆ ಥೇಮ್ಸ್. ದಾಟಿ ಬಾರ್ನ್ಸ್ ಹಾದು ನಾಲ್ಕೈದು ಕಿಲೋಮೀಟರ್ ಹೋದರೆ ರಿಚ್ಮಂಡ್ ಪಾರ್ಕಿನ ರೋಹ್ಯಾಂಪ್ಟನ್ ಗೇಟು.

ಪಾರ್ಕ್ ಅಂದರೆ ನಮ್ಮ ಕಬ್ಬನ್ ಪಾರ್ಕಿನ ಅಳತೆ ಮರೆತುಬಿಡಿ. ಇದು 2,500 ಎಕರೆ. ಒಂದನೇ ಚಾರ್ಲ್ಸ್ ದೊರೆ 1637ರಲ್ಲಿ ಬೇಟೆಗೆ ಅಂತ ಸುತ್ತ ಗೋಡೆ ಕಟ್ಟಿಸಿದ ಕಾಡು. ಈಗಲೂ ಆರುನೂರಕ್ಕೂ ಹೆಚ್ಚು ಜಿಂಕೆಗಳಿವೆ. ಒಳಗಿನ ರಸ್ತೆ ಒಂದು ಸುತ್ತು ಹಾಕಿದರೆ ಸುಮಾರು 11 ಕಿಲೋಮೀಟರ್, ನಡುವೆ ಬ್ರೂಮ್‌ಫೀಲ್ಡ್ ಹಿಲ್ ಅನ್ನುವ ಚಿಕ್ಕ ಏರು. ಬೇಸಿಗೆಯಲ್ಲಿ ಬೆಳಿಗ್ಗೆ ಏಳರವರೆಗೆ ಕಾರು ಬಿಡುವುದಿಲ್ಲ. ಹಾಗಾಗಿ ಐದರಿಂದ ಏಳರವರೆಗೆ ಆ ರಸ್ತೆ ಸೈಕಲ್‌ನವರದು ಮತ್ತು ಜಿಂಕೆಗಳದು. ಜಿಂಕೆ ಅಡ್ಡ ಬಂದರೆ ನಿಲ್ಲಿ, ಬೆಲ್ ಹೊಡೆಯಬೇಡಿ. ಒಂದು ಬೆಳಿಗ್ಗೆ ಇಪ್ಪತ್ತೈದು ಮೂವತ್ತರ ಹಿಂಡು ಮಂಜಿನಿಂದ ಹೊರಬಂದು ನಿಧಾನಕ್ಕೆ ರಸ್ತೆ ದಾಟಿತು. ಕೊನೆಯದು ನಡುರಸ್ತೆಯಲ್ಲಿ ನಿಂತು ನನ್ನನ್ನು ನೋಡಿತು, ಟೋಲ್‌ಗೇಟಿನವರು ನೋಡುವ ಹಾಗೆ. ನಾವು ಮೂವರು ಸೈಕಲ್‌ನವರು ಒಂದು ಕಾಲು ಕೆಳಗಿಟ್ಟು ಕಾದೆವು. ಸೆಪ್ಟೆಂಬರ್, ಅಕ್ಟೋಬರ್ ಅವುಗಳ ಬೆದೆಯ ಕಾಲ. ಆಗ ಗಂಡುಗಳಿಂದ ಇನ್ನೂ ದೂರ ಇರಿ. ನವೆಂಬರ್ ಮತ್ತು ಫೆಬ್ರವರಿಯಲ್ಲಿ ಜಿಂಕೆಗಳ ಸಂಖ್ಯೆ ತಗ್ಗಿಸುವ ಕೆಲಸ ನಡೆಯುವುದರಿಂದ ರಾತ್ರಿ ಗೇಟುಗಳನ್ನೆಲ್ಲ ಹಾಕುತ್ತಾರೆ. ಬೆಳಕಾದ ಮೇಲೆಯೇ ಹೋಗಬೇಕು.

ಊರೊಳಗಿನ ರಸ್ತೆಯಲ್ಲಿ ನಮ್ಮವರು ಮಾಡುವ ತಪ್ಪು ಒಂದೇ, ಅಂಚಿಗೆ ಅಂಟಿಕೊಂಡು ಹೋಗುವುದು. ಹೆದರಿ ಹೆದರಿ ಅಭ್ಯಾಸ. 2022ರಲ್ಲಿ ಅಲ್ಲಿಯ ಹೈವೇ ಕೋಡ್, ಅಂದರೆ ರಸ್ತೆ ನಿಯಮಗಳ ಪುಸ್ತಕ, ತಿದ್ದಿದ್ದಾರೆ. ಸಣ್ಣ ರಸ್ತೆಯಲ್ಲಿ ಸೈಕಲ್‌ನವರು ಲೇನಿನ ನಡುವೆಯೇ ಹೋಗಬಹುದು, ಹಿಂದಿಕ್ಕುವ ಕಾರು ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಬೇಕು. ಹಾಗೆಂದು ಕೆಂಪು ದೀಪ ಹಾರಿಸಬೇಡಿ. ಕತ್ತಲಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ಲೈಟು ಕಾನೂನು. ಹೆಲ್ಮೆಟ್ ಕಾನೂನಲ್ಲ, ಆದರೂ ಹಾಕಿ.

ಟ್ರೇನ್ ಬಗ್ಗೆ ಒಂದು ಮಾತು. ಆಫೀಸ್ ಹೊತ್ತಿನಲ್ಲಿ ಮಡಚದ ಸೈಕಲ್ಲನ್ನು ಟ್ಯೂಬಿಗೆ, ಅಂದರೆ ಅಲ್ಲಿಯ ಮೆಟ್ರೋಗೆ, ಬಿಡುವುದಿಲ್ಲ. ಬೇರೆ ಹೊತ್ತಿನಲ್ಲೂ ಆಳದ ಸುರಂಗದ ಲೈನುಗಳಿಗೆ ಬಹುಪಾಲು ಬಿಡುವುದಿಲ್ಲ. ಭಾನುವಾರ ನೆಲದ ಮೇಲೆ ಓಡುವ ಮಾಮೂಲಿ ಟ್ರೇನ್ ಹಿಡಿದು ಡಾರ್ಕಿಂಗ್‌ಗೆ ಹೋಗಿ. ಅಲ್ಲಿಂದ ಹತ್ತಿರವೇ ಬಾಕ್ಸ್ ಹಿಲ್, 2012ರ ಒಲಿಂಪಿಕ್ಸ್‌ನಲ್ಲಿ ಗಂಡಸರ ರೋಡ್ ರೇಸ್ ಒಂಬತ್ತು ಸುತ್ತು ಹಾಕಿದ ಗುಡ್ಡ. ನಂದಿ ಹತ್ತಿದವರಿಗೆ ಎರಡೂವರೆ ಕಿಲೋಮೀಟರಿನ ಆ ಏರು ಏರೇ ಅಲ್ಲ, ಆದರೆ ಮೇಲೆ ಕೇಕ್ ಸಿಗುತ್ತದೆ. ನನ್ನ ಜೇಬಿನಲ್ಲಿ ಮಾತ್ರ ಕಡಲೆ ಚಿಕ್ಕಿ. ಎರಡು ಪೌಂಡಿನ ಎನರ್ಜಿ ಬಾರ್ ಇದರ ಮುಂದೆ ಏನೂ ಅಲ್ಲ.

ಒಂದು ಬೆಳಿಗ್ಗೆ ನದಿ ಗುಂಟ ಊರೊಳಕ್ಕೂ ಹೋಗಿ. ಲ್ಯಾಂಬೆತ್ ಬಳಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರಿನಲ್ಲಿ ಅನಾವರಣವಾದದ್ದು. ಅದರ ಮುಂದೆ ಸೈಕಲ್ ಹಿಡಿದು ನಿಂತ ಫೋಟೋ ಅಮ್ಮನಿಗೆ ಕಳಿಸಿದ್ದೆ. ಬಿಗ್ ಬೆನ್ ಫೋಟೋಗೆ ಬರೀ ಹೆಬ್ಬೆರಳು ಹಾಕಿದ್ದ ಅಮ್ಮ ಇದಕ್ಕೆ ಫೋನೇ ಮಾಡಿದರು.

ಖರ್ಚು? ಕಾರ್ಬನ್ ಸೈಕಲ್ಲಿಗೆ ನಾನು ದಿನಕ್ಕೆ ಐವತ್ತು ಪೌಂಡಿನ ಆಸುಪಾಸು ಕೊಟ್ಟಿದ್ದೇನೆ. ವಾರದ ಲೆಕ್ಕದಲ್ಲಿ ಇಳಿಸುತ್ತಾರೆ. ಅಲ್ಯೂಮಿನಿಯಂ ಇನ್ನೂ ಅಗ್ಗ, ಸಾಕು ಕೂಡ. ಕಳ್ಳತನದ ವಿಮೆ ಏನೇನು ಒಪ್ಪುತ್ತದೆ ಅಂತ ಓದಿ ನೋಡಿ. ರಾತ್ರಿ ಹೊರಗೆ ಬೀಗ ಹಾಕಿ ಬಿಟ್ಟಿದ್ದರೆ ಕೊಡದಿರಬಹುದು. ರೂಮಿಗೆ ಸೈಕಲ್ ಒಯ್ಯಲು ಬಿಡುತ್ತೀರಾ ಅಂತ ಹೋಟೆಲಿನವರನ್ನು ಮೊದಲೇ ಕೇಳಿ, ಉತ್ತರ ಇಮೇಲಿನಲ್ಲೇ ಇರಲಿ. ಡಿಸೆಂಬರ್, ಜನವರಿಯ ಟ್ರಿಪ್ ಆದರೆ ಈ ಆಸೆಯನ್ನೇ ಬಿಡಿ. ಎಂಟರವರೆಗೂ ಕತ್ತಲು, ಜೊತೆಗೆ ಚಳಿ, ಮಳೆ.

ಕಳೆದ ಸಲ ಮೀಟಿಂಗ್ ಎಳೆದು ಲೇಟಾಯಿತು. ಅಂಗಡಿ ಮುಚ್ಚುವ ಹೊತ್ತಿಗೆ ಓಡಿ ಹೋಗಿ ಸೈಕಲ್ ಒಪ್ಪಿಸಿ, ಅಲ್ಲಿಂದಲೇ ಏರ್‌ಪೋರ್ಟಿಗೆ ಹೊರಟೆ. ಸೆಕ್ಯೂರಿಟಿ ಸಾಲಿನಲ್ಲಿ ಬೆಲ್ಟ್ ಬಿಚ್ಚುವಾಗ ನೆನಪಾಯಿತು, ಪೆಡಲ್ ಬಿಚ್ಚಿರಲಿಲ್ಲ. ಅಂಗಡಿಯವರು ಅವತ್ತೇ ಇಮೇಲ್ ಮಾಡಿದರು. ಬಿಚ್ಚಿ, ಕವರಿಗೆ ಹಾಕಿ, ನನ್ನ ಹೆಸರು ಬರೆದು ಇಟ್ಟಿದ್ದಾರಂತೆ. ಹಾಗಾಗಿ ಈಗ ಯಾರು ಈ ಪ್ರಶ್ನೆ ಕೇಳಿದರೂ ಉತ್ತರಕ್ಕೆ ಮುಂಚೆ ನಾನೇ ಒಂದು ಕೇಳುತ್ತೇನೆ. ಯಾವಾಗ ಹೋಗ್ತಿದ್ದೀರಿ? ಬರುವಾಗ ಬ್ಯಾಗಿನಲ್ಲಿ ಅರ್ಧ ಕಿಲೋಗೆ ಜಾಗ ಇರುತ್ತಾ?