ಚರ್ಚಿಗೆ ಹೊಸ ಸೌಂಡ್ ಸಿಸ್ಟಮ್: ವಾಟ್ ಲೆಕ್ಕಕ್ಕೆ ಮೊದಲು ಎಕೋ ಲೆಕ್ಕ

ಪ್ರಸಂಗ ಸರಿಯಾಗಿ ಕೇಳಿಸುತ್ತಿಲ್ಲ ಎಂಬ ದೂರು ಬಂದ ಕೂಡಲೇ ಚರ್ಚ್ ಕಮಿಟಿಯಲ್ಲಿ ಹುಟ್ಟುವ ಮೊದಲ ಮಾತು “ಇನ್ನೂ ದೊಡ್ಡ ಆಂಪ್ಲಿಫೈಯರ್ ಹಾಕಿಸೋಣ” ಎಂಬುದು. ಆದರೆ ಹಿಂದಿನ ಬೆಂಚಿನವರನ್ನು ಬಿಡಿಸಿ ಕೇಳಿ ನೋಡಿ. ಸದ್ದು ಬರುತ್ತದೆ, ಮಾತು ತಿಳಿಯುವುದಿಲ್ಲ ಎನ್ನುತ್ತಾರೆ. ಸದ್ದೇ ಸಾಲದಿದ್ದರೆ ವಾಟ್ ಏರಿಸಬಹುದು. ಮಾತು ಕಲಸಿಹೋಗುತ್ತಿದ್ದರೆ ವಾಟ್ ಏರಿಸಿ ಪ್ರಯೋಜನವಿಲ್ಲ. ಗೋಡೆ, ಚಾವಣಿ, ಕಲ್ಲಿನ ನೆಲಕ್ಕೆ ಬಡಿದು ತಡವಾಗಿ ಬರುವ ಸದ್ದೂ ಅಷ್ಟೇ ಏರುತ್ತದೆ. ಹಾಗಾಗಿ ಹೊಸ ಸಿಸ್ಟಮ್‌ನ ಆಯ್ಕೆ ಅಂಗಡಿಯಲ್ಲಿ ಶುರುವಾಗಬಾರದು, ಖಾಲಿ ಚರ್ಚಿನೊಳಗೆ ಶುರುವಾಗಬೇಕು.

ಒಂದು ಸದ್ದು ನಿಂತ ಮೇಲೆ ಅದರ ಮಟ್ಟ 60 ಡೆಸಿಬೆಲ್ ಇಳಿಯಲು ಹಿಡಿಯುವ ಕಾಲವನ್ನು ಅನುರಣನ ಕಾಲ ಎನ್ನುತ್ತಾರೆ. ಬಲೂನ್ ಒಡೆದು ಆ ಸದ್ದನ್ನು ರೆಕಾರ್ಡ್ ಮಾಡಿಕೊಂಡರೆ ಫೋನಿನ ಅಳತೆ ಆ್ಯಪ್‌ಗಳೇ ಇದನ್ನು ಅಂದಾಜಿಗೆ ಸಾಕಾಗುವಷ್ಟು ತೋರಿಸುತ್ತವೆ. ಮಾತಿಗೆ 1ರಿಂದ 1.2 ಸೆಕೆಂಡು ಹಿತ. ಸಭೆಯೆಲ್ಲ ಸೇರಿ ಹಾಡುವುದಕ್ಕೆ 1.5ರಿಂದ 2 ಸೆಕೆಂಡು ಚೆನ್ನ. ಪೈಪ್ ಆರ್ಗನ್‌ಗೆ ಇನ್ನೂ ಹೆಚ್ಚಿದ್ದರೂ ಸೊಗಸೇ. ಒಂದೇ ಕಟ್ಟಡದಲ್ಲಿ ಇವೆಲ್ಲ ನಡೆಯಬೇಕಾದ್ದರಿಂದಲೇ ಚರ್ಚಿನ ಧ್ವನಿ ವ್ಯವಸ್ಥೆ ಸಿನಿಮಾ ಹಾಲಿನದಕ್ಕಿಂತ ಕಷ್ಟದ ಕೆಲಸ.

ಲೆಕ್ಕ ಹಾಕುವುದೂ ಸುಲಭ. ಹಾಲಿನ ಗಾತ್ರವನ್ನು ಘನ ಮೀಟರ್‌ನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಒಳಗಿನ ಗೋಡೆ, ಬೆಂಚು, ಜನರೆಲ್ಲ ಸೇರಿ ಸದ್ದನ್ನು ಹೀರುವ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಬರುತ್ತದೆ. 20 ಮೀಟರ್ ಉದ್ದ, 12 ಮೀಟರ್ ಅಗಲ, 7 ಮೀಟರ್ ಎತ್ತರದ ಹಾಲಿನ ಗಾತ್ರ 1680 ಘನ ಮೀಟರ್. ಅದು ಖಾಲಿ ಇದ್ದಾಗ 2.5 ಸೆಕೆಂಡು ಅನುರಣಿಸಿದರೆ ಒಳಗಿನ ಹೀರಿಕೆ ಸುಮಾರು 108 ಚದರ ಮೀಟರ್‌ಗೆ ಸಮ ಎಂದಾಯಿತು. ಕೂತ ಒಬ್ಬ ಮನುಷ್ಯ ಸರಾಸರಿ 0.45 ಚದರ ಮೀಟರ್‌ನಷ್ಟು ಸದ್ದು ಹೀರುತ್ತಾನೆ. 150 ಜನ ಸೇರಿದರೆ ಇನ್ನೊಂದು 67 ಕೂಡಿ, ಕಾಲ 1.5 ಸೆಕೆಂಡಿಗೆ ಇಳಿಯುತ್ತದೆ. ವಾರದ ದಿನ ಇಪ್ಪತ್ತು ಮಂದಿ ಇರುವಾಗ ಕಲಸಿಹೋಗುವ ಮಾತು ಭಾನುವಾರ ತಿಳಿಯಾಗಿ ಕೇಳಿಸುವುದು ಇದೇ ಕಾರಣಕ್ಕೆ. ಖಾಲಿ ಹಾಲಿನಲ್ಲೂ 2 ಸೆಕೆಂಡಿನೊಳಗೆ ತರಲು ಸಾಧ್ಯವೇ ನೋಡಿ: ಹಿಂಬದಿಯ ಗೋಡೆಗೆ ದಪ್ಪನೆಯ ಧ್ವನಿ ಹೀರುವ ಫಲಕ, ಬೆಂಚುಗಳಿಗೆ ಮೆತ್ತೆ. ಮೊದಲು ಹಿಂಗೋಡೆಗೇ ಖರ್ಚು ಮಾಡಿ. ಸ್ಪೀಕರ್‌ನ ಸದ್ದು ನೇರವಾಗಿ ಹೋಗಿ ಬಡಿದು ಮುಂದಿನ ಸಾಲಿಗೆ ತಡವಾಗಿ ಮರಳುವುದು ಅಲ್ಲಿಂದಲೇ. ತೆಳು ಬಟ್ಟೆಯ ಪರದೆ ಕಟ್ಟಿದರೆ ಮೇಲಿನ ಸ್ವರಗಳಷ್ಟೇ ಸಾಯುತ್ತವೆ, ಗುಮ್ಮೆನ್ನುವ ಕೆಳಸ್ವರ ಹಾಗೇ ಉಳಿಯುತ್ತದೆ.

ಇನ್ನು ಸ್ಪೀಕರ್. ನೇರ ಸದ್ದೂ ಹಾಲಿನ ಪ್ರತಿಧ್ವನಿಯೂ ಸಮಸಮವಾಗುವ ಒಂದು ದೂರವಿದೆ. ಆಮೇಲಿನ ಸಾಲುಗಳಲ್ಲಿ ಪ್ರತಿಧ್ವನಿಯದೇ ಮೇಲುಗೈ. ಮೇಲಿನ ಖಾಲಿ ಹಾಲಿನಲ್ಲಿ, ಎಲ್ಲ ದಿಕ್ಕಿಗೂ ಸದ್ದು ಚೆಲ್ಲುವ ಸ್ಪೀಕರ್‌ಗೆ ಈ ದೂರ ಬರೀ ಒಂದೂವರೆ ಮೀಟರ್. ಸದ್ದನ್ನು ಹತ್ತು ಪಟ್ಟು ಒಗ್ಗೂಡಿಸಿ ಒಂದೇ ಕಡೆಗೆ ಕಳಿಸುವ ಸ್ಪೀಕರ್‌ಗೆ ಸುಮಾರು 4.7 ಮೀಟರ್. ಹಾಗಾಗಿ ಡಬ್ಬದ ಮೇಲೆ ಬರೆದ ವಾಟ್‌ಗಿಂತ ಸದ್ದು ಎಷ್ಟು ಕೋನದಲ್ಲಿ ಹರಡುತ್ತದೆ ಎಂಬ ಅಂಕಿಯನ್ನು ಮೊದಲು ಕೇಳಿ. ಎಕೋ ಹೆಚ್ಚಿರುವ ಚರ್ಚಿಗೆ ಕಾಲಂ ಸ್ಪೀಕರ್ ನನ್ನ ಮೊದಲ ಆಯ್ಕೆ. ಒಂದರ ಮೇಲೊಂದು ಜೋಡಿಸಿದ ಸಣ್ಣ ಕೋನ್‌ಗಳು ಸೇರಿ ಸದ್ದನ್ನು ಅಡ್ಡಕ್ಕೆ ಅಗಲವಾಗಿ, ಮೇಲೆ-ಕೆಳಗೆ ತೆಳುವಾಗಿ ಹರಡುತ್ತವೆ. ಚಾವಣಿಗೆ ಹೋಗುವ ಸದ್ದು ಕಡಿಮೆಯಾಗುತ್ತದೆ. ಉದ್ದ ಮುಖ್ಯ: 1 ಮೀಟರ್ ಕಾಲಂ ಸುಮಾರು 340 ಹರ್ಟ್ಸ್‌ನಿಂದ ಮೇಲಕ್ಕಷ್ಟೇ ಈ ಹಿಡಿತ ಇಟ್ಟುಕೊಳ್ಳುತ್ತದೆ, 2 ಮೀಟರ್‌ದು 170ರವರೆಗೂ ಇಳಿಯುತ್ತದೆ. ಅರ್ಧ ಮೀಟರ್‌ನದನ್ನು ಚಂದಕ್ಕೆಂದು ತಂದರೆ ಕಾಲಂನ ಗುಣ ಅರ್ಧಕ್ಕರ್ಧ ಹೋದಂತೆ. ಗೋಡೆಗೆ ಒಪ್ಪುತ್ತದೆಂದು ಕಾಲಂ ಅನ್ನು ಅಡ್ಡಡ್ಡ ಮಲಗಿಸಿ ಹಾಕುವುದೂ ಉಂಟು. ಆಗ ಎಲ್ಲ ಉಲ್ಟಾ: ಸದ್ದು ಚಾವಣಿಗೂ ನೆಲಕ್ಕೂ ಹರಡಿ, ಪಕ್ಕದ ಬೆಂಚಿನವರಿಗೆ ಸಿಗುವುದೇ ಇಲ್ಲ.

ಜಾಗದ ವಿಷಯದಲ್ಲಿ ಎರಡು ನಿಯಮ ಬಿಟ್ಟುಕೊಡಬಾರದು. ಮೈಕುಗಳು ಯಾವಾಗಲೂ ಸ್ಪೀಕರ್‌ಗಳ ಹಿಂದಿರಬೇಕು, ಅಂದರೆ ಸ್ಪೀಕರ್‌ಗಳು ವಾಚನಪೀಠ ಮತ್ತು ಬಲಿಪೀಠಕ್ಕಿಂತ ಜನರ ಕಡೆಗೆ ಮುಂದೆ. ಸ್ಪೀಕರ್‌ನ ಮುಖ ಜನರ ಕಿವಿಯ ಕಡೆಗಿರಬೇಕು, ಎದುರು ಗೋಡೆಯ ಕಡೆಗಲ್ಲ. ಕೂತವರ ಕಿವಿ ನೆಲದಿಂದ ಸುಮಾರು 1.2 ಮೀಟರ್‌ನಲ್ಲಿರುತ್ತದೆ. ಸಾಮಾನ್ಯ ಕಾಲಂ ಆದರೆ ಅದರ ನಡುಭಾಗ 2ರಿಂದ 2.5 ಮೀಟರ್ ಎತ್ತರಕ್ಕೆ ಬರುವಂತೆ ಕಟ್ಟಿ, ಕೆಲವು ಡಿಗ್ರಿ ಕೆಳಕ್ಕೆ ಬಾಗಿಸಿದರೆ ಮುಂದಿನವರ ತಲೆ ಹಿಂದಿನವರಿಗೆ ಅಡ್ಡ ಬರುವುದಿಲ್ಲ.

ಉದ್ದನೆಯ ಚರ್ಚಿನಲ್ಲಿ ಮುಂದಿನ ಜೋಡಿಯೊಂದೇ ಸಾಲದು. ದೂರ ಇಮ್ಮಡಿಯಾದಂತೆ ನೇರ ಸದ್ದು 6 ಡೆಸಿಬೆಲ್ ಬೀಳುತ್ತದೆ. ನಡುವಿನ ಕಂಬಗಳಿಗೆ ಇನ್ನೊಂದು ಜೋಡಿ ಸಣ್ಣ ಸ್ಪೀಕರ್ ಹಾಕಿ, ಆದರೆ ಡಿಲೇ, ಅಂದರೆ ಸದ್ದಿಗೆ ಲೆಕ್ಕದ ತಡ, ಕೊಡದೆ ಹಾಕಬೇಡಿ. ಸದ್ದು ಒಂದು ಮೀಟರ್ ಸಾಗಲು 2.9 ಮಿಲಿಸೆಕೆಂಡು ಬೇಕು. ಹಿಂದಿನ ಬೆಂಚಿನವರಿಗೆ ಮುಂದಿನ ಸ್ಪೀಕರ್ 18 ಮೀಟರ್, ಹತ್ತಿರದ ಸ್ಪೀಕರ್ 4 ಮೀಟರ್ ದೂರ ಎಂದಿಟ್ಟುಕೊಳ್ಳಿ. ವ್ಯತ್ಯಾಸ 14 ಮೀಟರ್, ಅಂದರೆ 41 ಮಿಲಿಸೆಕೆಂಡು. ಅದಕ್ಕೆ 10ರಿಂದ 15 ಸೇರಿಸಿ ಹತ್ತಿರದ ಸ್ಪೀಕರನ್ನು ತಡಮಾಡಿದರೆ ಮೊದಲು ಮುಂದಿನ ಸದ್ದೇ ಕಿವಿಗೆ ತಲುಪುತ್ತದೆ; ಮಾತು ಬಲಿಪೀಠದಿಂದಲೇ ಬರುತ್ತಿದೆ ಎಂಬ ಭಾವನೆ ಉಳಿದು, ಸ್ಪಷ್ಟತೆ ಮಾತ್ರ ಹತ್ತಿರದ ಸ್ಪೀಕರ್‌ನಿಂದ ಸಿಗುತ್ತದೆ. ಡಿಲೇ ಇಲ್ಲದಿದ್ದರೆ ಪ್ರತಿ ಪದವೂ ಎರಡೆರಡು ಸಲ ಕೇಳಿಸಿದಂತಾಗುತ್ತದೆ. ನೀವು ಕೊಳ್ಳುವ ಮಿಕ್ಸರ್ ಅಥವಾ ಪ್ರೊಸೆಸರ್‌ನಲ್ಲಿ ಪ್ರತಿ ಔಟ್‌ಪುಟ್‌ಗೂ ಬೇರೆ ಡಿಲೇ, ಬೇರೆ ಈಕ್ವಲೈಸರ್ (ಬೇರೆ ಬೇರೆ ಸ್ವರಗಳ ಮಟ್ಟ ಏರಿಳಿಸುವ ಸೌಲಭ್ಯ) ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಈಗ ವಾಟ್. ಒಂದು ವಾಟ್‌ಗೆ ಒಂದು ಮೀಟರ್‌ನಲ್ಲಿ 97 ಡೆಸಿಬೆಲ್ ಕೊಡುವ ಸ್ಪೀಕರ್ 12 ಮೀಟರ್ ಆಚೆ 75.4 ಕೊಡುತ್ತದೆ. ಮಾತಿಗೆ ಸರಾಸರಿ 75 ಸಾಕು, ಏರುವ ಕ್ಷಣಗಳಿಗೆಂದು 15 ಸೇರಿಸಿದರೆ 90. ಅದಕ್ಕೆ ಬೇಕಾದ್ದು 30 ವಾಟ್‌ಗೂ ಕಡಿಮೆ! ಗಿಟಾರ್, ಡ್ರಮ್ ಸೇರಿದ ಆರಾಧನೆಗೆ ಸರಾಸರಿ 85, ಶಿಖರ 100 ಎಂದಿಟ್ಟರೆ ಸುಮಾರು 290 ವಾಟ್. ಸಾವಿರಾರು ವಾಟ್‌ನ ಮಾತು ಬರುವ ಕೊಟೇಶನ್ ಕೈಗೆ ಬಂದರೆ ಈ ಲೆಕ್ಕ ಮುಂದಿಟ್ಟು ಕೇಳಿ. ಹತ್ತಾರು ಸಣ್ಣ ಸ್ಪೀಕರ್‌ಗಳು ದೂರದೂರಕ್ಕೆ ಬೇಕಾದಲ್ಲಿ, ಹೊರಗಿನ ಅಂಗಳಕ್ಕೂ ಸದ್ದು ಒಯ್ಯಬೇಕಾದಲ್ಲಿ 100 ವೋಲ್ಟ್ ಲೈನ್ (ಪ್ರತಿ ಸ್ಪೀಕರ್‌ಗೂ ಪುಟ್ಟ ಟ್ರಾನ್ಸ್‌ಫಾರ್ಮರ್ ಇಟ್ಟು ಒಂದೇ ಜೋಡಿ ತಂತಿಗೆ ಸೇರಿಸುವ ಏರ್ಪಾಡು) ಅನುಕೂಲ: ಎಲ್ಲ ಸ್ಪೀಕರ್‌ಗಳ ಟ್ಯಾಪ್ ವಾಟ್ (ಆ ಟ್ರಾನ್ಸ್‌ಫಾರ್ಮರ್‌ನಲ್ಲಿ ಆರಿಸಿಟ್ಟ ವಾಟ್) ಕೂಡಿಸಿ, ಆಂಪ್ಲಿಫೈಯರ್‌ಗೆ ಶೇ. 20ರಷ್ಟು ಬಿಡುವು ಇಟ್ಟರಾಯಿತು. ಒಂದು ಎಚ್ಚರ: 8 ಓಮ್ ಸ್ಪೀಕರೊಂದನ್ನು ಟ್ರಾನ್ಸ್‌ಫಾರ್ಮರ್ ಇಲ್ಲದೆ ಆ ಲೈನಿಗೆ ಸೇರಿಸಿದರೆ ಇಡೀ ಲೈನ್ ಓವರ್‌ಲೋಡ್ ಆಗಿ ಆಂಪ್ಲಿಫೈಯರ್ ಬಂದ್ ಆಗುತ್ತದೆ.

ಮೈಕು ಮತ್ತು ಬಾಯಿಯ ನಡುವಿನ ಅಂತರದಷ್ಟು ಅಗ್ಗದ ಸುಧಾರಣೆ ಇಡೀ ವ್ಯವಸ್ಥೆಯಲ್ಲಿ ಇನ್ನೊಂದಿಲ್ಲ. ಎದೆಗೆ ಸಿಕ್ಕಿಸುವ ಕಾಲರ್ ಮೈಕು ಬಾಯಿಂದ ಸುಮಾರು 20 ಸೆಂಟಿಮೀಟರ್ ದೂರ. ಕಿವಿಗೆ ಹಾಕುವ ಹೆಡ್‌ಸೆಟ್ ಮೈಕು ತುಟಿಯ ಅಂಚಿನಿಂದ ಎರಡೂವರೆ ಸೆಂಟಿಮೀಟರ್. ಇದೊಂದರಿಂದಲೇ 18 ಡೆಸಿಬೆಲ್ ಲಾಭ, ತಲೆ ಆಚೀಚೆ ತಿರುಗಿಸಿದರೂ ಮಾತು ಮಸುಕಾಗುವುದಿಲ್ಲ. ಗುರುಗಳು ಮೊದಲು ಮುಜುಗರಪಟ್ಟರೂ ಹೆಡ್‌ಸೆಟ್‌ಗೇ ಒಪ್ಪಿಸಿ. ವಾಚನಪೀಠಕ್ಕೆ ಗೂಸ್‌ನೆಕ್ (ಬಗ್ಗಿಸಬಹುದಾದ ಉದ್ದ ಕತ್ತಿನ) ಕಂಡೆನ್ಸರ್ ಮೈಕು, ಅಂದರೆ ಮೆಲುದನಿಯನ್ನೂ ಹಿಡಿಯುವ ಸೂಕ್ಷ್ಮ ಮೈಕು, ಒಂದೇ ಸಾಕು. ಅಕ್ಕಪಕ್ಕ ಎರಡು ಇಟ್ಟು ಎರಡನ್ನೂ ತೆರೆದರೆ, ಓದುವವರು ಸ್ವಲ್ಪ ವಾಲಿದರೂ ಒಂದೇ ದನಿ ಬೇರೆ ಬೇರೆ ಹೊತ್ತಿಗೆ ಸೇರಿ ಟೊಳ್ಳಾಗಿ ಕೇಳಿಸುತ್ತದೆ. ಓದುವವರ ಎತ್ತರ ಬದಲಾದಾಗ ಮೈಕಿನ ಕತ್ತು ಬಗ್ಗಿಸಿಕೊಳ್ಳುವ ಅಭ್ಯಾಸವನ್ನು ವಾಚಕರಿಗೆಲ್ಲ ಹೇಳಿಕೊಡಿ. ಫ್ಯಾನಿನ ಗಾಳಿ ತಾಕುವ ಜಾಗವಾದರೆ ಫೋಮ್ ಟೋಪಿ ಇಲ್ಲದೆ ಮೈಕು ಇಡಬೇಡಿ.

ಕ್ವಾಯರ್‌ಗೆ ಜನಕ್ಕೊಂದು ಮೈಕು ಬೇಡ. 15–20 ಹಾಡುಗಾರರಿಗೆ ಒಂದು ಕಂಡೆನ್ಸರ್, ಮುಂದಿನ ಸಾಲಿನಿಂದ ಒಂದು ಮೀಟರ್‌ಗಿಂತ ಸ್ವಲ್ಪ ಕಡಿಮೆ ಮುಂದೆ, ತಲೆಗಿಂತ ಅಷ್ಟೇ ಮೇಲೆ. ಎರಡಿಟ್ಟರೆ ಹಾಡುಗಾರರಿಂದ ಮೈಕಿಗಿರುವ ದೂರದ ಮೂರು ಪಟ್ಟು ಅಂತರ ಮೈಕುಗಳ ನಡುವೆ ಇರಲಿ. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಸ್ಪೀಕರ್‌ನ ಸದ್ದು ಮೈಕಿಗೆ ಮರಳಿ ಕೂಯ್ ಎಂದು ಕೂಗದೆ ಏರಿಸಬಹುದಾದ ಮಟ್ಟ 3 ಡೆಸಿಬೆಲ್ ಕಡಿಮೆಯಾಗುತ್ತದೆ. ಎಂಟು ಮೈಕು ತೆರೆದಿಟ್ಟರೆ 9 ಹೋಯಿತು. ಮಿಕ್ಸರ್ ಮುಂದೆ ಯಾವಾಗಲೂ ಒಬ್ಬರು ಕೂರಲಾಗದ ಚರ್ಚುಗಳಿಗೆ ಆಟೋಮಿಕ್ಸರ್ ಇರುವ ಡಿಜಿಟಲ್ ಮಿಕ್ಸರ್ ಇದಕ್ಕೇ ಬೇಕು. ಅದು ಮಾತಾಡುತ್ತಿರುವ ಮೈಕನ್ನು ಮೇಲಿಟ್ಟು ಉಳಿದವನ್ನು ತಾನೇ ತಗ್ಗಿಸುತ್ತದೆ.

ಕಾರ್ಡ್‌ಲೆಸ್ ಮೈಕು ಕೊಳ್ಳುವಾಗ 2.4 ಗಿಗಾಹರ್ಟ್ಸ್‌ನವು ವೈಫೈ ಜೊತೆ ಜಾಗ ಹಂಚಿಕೊಳ್ಳುತ್ತವೆ ಎಂಬುದು ನೆನಪಿರಲಿ. ಖಾಲಿ ಹಾಲಿನಲ್ಲಿ ಚೆನ್ನಾಗಿದ್ದದ್ದು ಜನ ತುಂಬಿ ಫೋನುಗಳು ಸೇರಿದಾಗ ಕಡಿಯುತ್ತದೆ. ಯುಎಚ್‌ಎಫ್ (ಅದಕ್ಕಿಂತ ಕೆಳಗಿನ ರೇಡಿಯೋ ಪಟ್ಟಿ) ಉತ್ತಮ, ಆದರೆ ನಿಮ್ಮ ದೇಶದಲ್ಲಿ ಅನುಮತಿಯಿರುವ ತರಂಗಾಂತರವನ್ನೇ ಆರಿಸಿ. ರಿಸೀವರ್ ಅನ್ನು ಕಬ್ಬಿಣದ ಕಪಾಟಿನೊಳಗೆ ಮುಚ್ಚಿಡಬೇಡಿ. ಆಂಟೆನಾದಿಂದ ನೋಡಿದರೆ ಬಲಿಪೀಠ ನೇರ ಕಾಣಬೇಕು.

ವೈರಿಂಗ್‌ನಲ್ಲಿ ಉಳಿಸಿದ ಹಣ ಆಮೇಲೆ ಗುಂಯ್‌ಗುಡುತ್ತದೆ. ಮೈಕಿನ ಕೇಬಲ್ ಎಲ್ಲವೂ ಬ್ಯಾಲೆನ್ಸ್ಡ್ (ಗದ್ದಲ ತಡೆಯಲು ಎರಡು ತಂತಿ, ಸುತ್ತ ಶೀಲ್ಡ್ ಇರುವಂಥದ್ದು) ಆಗಿರಲಿ. ಮೂರು ಪಿನ್‌ನ ಎಕ್ಸ್‌ಎಲ್‌ಆರ್ ಪ್ಲಗ್‌ನಲ್ಲಿ 1ನೇ ಪಿನ್ ಶೀಲ್ಡ್, 2 ಪಾಸಿಟಿವ್, 3 ನೆಗೆಟಿವ್. ಕರೆಂಟ್ ವೈರಿನಿಂದ ಕನಿಷ್ಠ 30 ಸೆಂಟಿಮೀಟರ್ ದೂರ, ದಾಟಲೇಬೇಕಾದರೆ ನೇರ ಅಡ್ಡಲಾಗಿ. 8 ಓಮ್ ಸ್ಪೀಕರ್‌ಗೆ 30 ಮೀಟರ್‌ವರೆಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದರೆ ನಷ್ಟ ಅರ್ಧ ಡೆಸಿಬೆಲ್ ಮಾತ್ರ. ಮಿಕ್ಸರ್ ಒಂದು ಪ್ಲಗ್ಗಿನಿಂದ, ಆಂಪ್ಲಿಫೈಯರ್ ಬೇರೆ ಬೋರ್ಡಿನಿಂದ ಕರೆಂಟ್ ಪಡೆದರೆ ಎರಡು ಅರ್ಥಿಂಗ್‌ಗಳ ನಡುವೆ ಕರೆಂಟ್ ಹರಿದು ಹಮ್ ಹುಟ್ಟುತ್ತದೆ. ಎಲ್ಲಕ್ಕೂ ಒಂದೇ ಡಿಸ್ಟ್ರಿಬ್ಯೂಷನ್ ಬೋರ್ಡ್, ಒಂದೇ ಅರ್ಥಿಂಗ್ ಕೊಡಿ. ಲ್ಯಾಪ್‌ಟಾಪ್‌ನಿಂದ ಬರುವ ಗದ್ದಲಕ್ಕೆ ಡಿಐ ಬಾಕ್ಸ್ (ಅದರ ಸಿಗ್ನಲ್ ಅನ್ನು ಬ್ಯಾಲೆನ್ಸ್ಡ್ ಮಾಡಿ ಕೊಡುವ ಪುಟ್ಟ ಪೆಟ್ಟಿಗೆ) ಹಾಕಿ. ಹಮ್ ಹೋಗುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವುದು ಜೀವಕ್ಕೇ ಅಪಾಯ. ಮೈಕು ಹಿಡಿದವರ ಕೈಗೆ ಶಾಕ್ ಬರುವುದು ಹೀಗೆಯೇ.

ತಲೆಯ ಮೇಲೆ ತೂಗುವ ಸ್ಪೀಕರ್‌ನ ಭಾರವನ್ನು ಗಾರೆಯ ಮೇಲೆ ಬಿಡಬೇಡಿ. ಗಟ್ಟಿ ಕಾಂಕ್ರೀಟ್ ಅಥವಾ ತೊಲೆಗೇ ಬೋಲ್ಟ್ ಹೋಗಲಿ, ಭಾರದ ಗುರುತಿರುವ ಐಬೋಲ್ಟನ್ನೇ ಬಳಸಿ, ಬೇರೊಂದು ಬಿಂದುವಿನಿಂದ ಸುರಕ್ಷತೆಯ ಉಕ್ಕಿನ ಹಗ್ಗ ಕಟ್ಟಿ. ಹಳೆಯ ಕಟ್ಟಡವಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪದೆ ಒಂದು ತೂತೂ ಕೊರೆಸಬೇಡಿ.

ಶ್ರವಣ ಸಾಧನ ಹಾಕುವ ಹಿರಿಯರು ಪ್ರತಿ ಸಭೆಯಲ್ಲೂ ಇದ್ದಾರೆ. ನೆಲದ ಕೆಲಸ ನಡೆಯುವಾಗಲೇ ಬೆಂಚುಗಳ ಸುತ್ತ ಇಂಡಕ್ಷನ್ ಲೂಪ್ ವೈರ್ ಹೂತಿಟ್ಟರೆ, ಟಿ ಕಾಯಿಲ್ (ಆ ಲೂಪ್‌ನ ಸಂಕೇತ ಹಿಡಿಯುವ ಸುರುಳಿ) ಇರುವ ಸಾಧನಗಳಿಗೆ ಮೈಕಿನ ದನಿ ಎಕೋ ಇಲ್ಲದೆ ನೇರ ತಲುಪುತ್ತದೆ. ಆಮೇಲೆ ಹೂಳಿಸುವುದಾದರೆ ನೆಲ ಅಗೆಯಬೇಕಾಗುತ್ತದೆ. ಕೊಟೇಶನ್‌ನಲ್ಲಿ ಇದು ಇಲ್ಲದಿದ್ದರೆ ಕೇಳಿ ಸೇರಿಸಿಸಿ.

ಹೊಂದಿಸುವ ಕೆಲಸಕ್ಕೆ ಪೂರ್ತಿ ಒಂದು ದಿನ ಇಡಿ. ಮೊದಲು ಪೊಲಾರಿಟಿ (ವೈರಿನ ಪ್ಲಸ್-ಮೈನಸ್): ಎರಡು ಸ್ಪೀಕರ್‌ಗಳ ನಟ್ಟನಡುವೆ ನಿಂತಾಗ ಬಾಸ್ ಮಾಯವಾದರೆ ಒಂದರ ವೈರ್ ತಿರುಗಾಮುರುಗಾ ಆಗಿದೆ. ಆಮೇಲೆ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ, ಅಳತೆಗೆಂದೇ ಇರುವ ಶ್ಶ್ ಸದ್ದು) ಹಾಕಿ ಬೆಂಚಿನಿಂದ ಬೆಂಚಿಗೆ ಅಳೆಯಿರಿ, ಸರಾಸರಿಯಿಂದ 3 ಡೆಸಿಬೆಲ್‌ಗಿಂತ ಹೆಚ್ಚು ಏರುಪೇರು ಕಂಡರೆ ಈಕ್ವಲೈಸರ್ ಮುಟ್ಟದೆ ಸ್ಪೀಕರ್‌ನ ಕೋನ ಸರಿಪಡಿಸಿ. ಮಾತಿನ ಮೈಕುಗಳಿಗೆಲ್ಲ 120 ಹರ್ಟ್ಸ್‌ನ ಕೆಳಗೆ ಕತ್ತರಿಸಿ. ಅಲ್ಲಿ ಗುಡುಗೇ ಹೆಚ್ಚು, ಮಾತಿನ ಅರ್ಥ ಹೊರುವ ವ್ಯಂಜನಗಳು ಇರುವುದು 2ರಿಂದ 4 ಕಿಲೋಹರ್ಟ್ಸ್‌ನಲ್ಲಿ. ಗೇನ್ (ಮೈಕಿನ ಸಿಗ್ನಲ್ ಅನ್ನು ಮೊದಲಿಗೆ ಎಷ್ಟು ಏರಿಸಬೇಕೆಂಬ ಮಟ್ಟ) ಇಡುವಾಗ ಸಾಧಾರಣ ಮಾತು ಡಿಜಿಟಲ್ ಮಿಕ್ಸರ್‌ನ ಮೀಟರ್‌ನಲ್ಲಿ ಮೈನಸ್ 18 ಡೆಸಿಬೆಲ್‌ನ ಆಸುಪಾಸಿರಲಿ. ಇಷ್ಟಾದ ಮೇಲೆ ಮೈಕು ಕೂಗುವವರೆಗೆ ನಿಧಾನವಾಗಿ ಏರಿಸಿ, ಕೂಗಿದ ಸ್ವರವನ್ನು ಕಿರಿದಾಗಿ 3ರಿಂದ 6 ಡೆಸಿಬೆಲ್ ಇಳಿಸಿ. ನಾಲ್ಕೈದು ಸಲ ಇಳಿಸಿದರೂ ಕೂಗು ನಿಲ್ಲದಿದ್ದರೆ ಮೈಕಿನ ಅಥವಾ ಸ್ಪೀಕರ್‌ನ ಜಾಗವೇ ತಪ್ಪು. ಕೊನೆಗೆ ಕೂಗುವ ಬಿಂದುವಿಗಿಂತ 6 ಡೆಸಿಬೆಲ್ ಕೆಳಗೆ ನಿಲ್ಲಿಸಿ. ಮಾತಿನ ಸ್ಪಷ್ಟತೆಯನ್ನು 0ರಿಂದ 1ರವರೆಗೆ ಅಳೆಯುವ ಎಸ್‌ಟಿಐ ಎಂಬ ಅಂಕಿಯಿದೆ. ಹಿಂದಿನ ಬೆಂಚಿನಲ್ಲಿ 0.5ಕ್ಕಿಂತ ಕಡಿಮೆ ಬಂದರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ, 0.6 ಗುರಿಯಿರಲಿ. ಈ ಅಂಕಿಯನ್ನು ಒಪ್ಪಂದದಲ್ಲೇ ಬರೆಸಿ, ಕೊನೆಯ ಕಂತನ್ನು ಅದಕ್ಕೆ ಕಟ್ಟಿ.

ಹಸ್ತಾಂತರದ ದಿನ ಮಿಕ್ಸರ್‌ನಲ್ಲಿ ವಾರದ ಪೂಜೆ, ಭಾನುವಾರ, ಮದುವೆ, ಅಂತ್ಯಕ್ರಿಯೆ ಎಂದು ಬೇರೆ ಬೇರೆ ಸೀನ್ (ಸೆಟ್ಟಿಂಗ್‌ಗಳ ಗುಂಪು) ಉಳಿಸಿ, ಔಟ್‌ಪುಟ್‌ನ ಡಿಲೇ ಮತ್ತು ಈಕ್ವಲೈಸರ್‌ಗೆ ಪಾಸ್‌ವರ್ಡ್ ಹಾಕಿಸಿ. ಪಾಸ್‌ವರ್ಡ್ ಚರ್ಚಿನ ಬಳಿಯೂ ಇರಲಿ. ಹಚ್ಚುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆರಿಸುವಾಗ ಆಂಪ್ಲಿಫೈಯರ್ ಮೊದಲು. ತಪ್ಪಿದರೆ ಧಡ್ ಎಂಬ ಹೊಡೆತ ಸ್ಪೀಕರ್‌ಗೆ ಬೀಳುತ್ತದೆ. ಪ್ರತಿ ಕೇಬಲ್‌ನ ಎರಡೂ ತುದಿಗೆ ನಂಬರ್ ಅಂಟಿಸಿ, ವೈರಿಂಗ್ ನಕ್ಷೆಯ ಒಂದು ಪ್ರತಿಯನ್ನು ರ‍್ಯಾಕ್ ಒಳಗೇ ಇಡಿ. ಬಿಡಿಯಾಗಿ ಒಂದು ಗೂಸ್‌ನೆಕ್, ಒಂದು ಹೆಡ್‌ಸೆಟ್ ಕೇಬಲ್, ನಾಲ್ಕು ಎಕ್ಸ್‌ಎಲ್‌ಆರ್ ಕೇಬಲ್, ಚಾರ್ಜ್ ಆದ ಬ್ಯಾಟರಿ ಸೆಟ್ ಯಾವಾಗಲೂ ಇರಲಿ. ಎರಡು ವಾರ ತುಂಬಿದ ಹಾಲಿನಲ್ಲಿ ಬಳಸಿದ ಮೇಲೆ ಅದೇ ತಂತ್ರಜ್ಞರನ್ನು ಭಾನುವಾರವೇ ಕರೆಸಿ ಮಟ್ಟಗಳನ್ನು ಮತ್ತೆ ನೋಡಿಸಿ. ಖಾಲಿ ಹಾಲಿನಲ್ಲಿ ಇಟ್ಟ ಟ್ರೆಬಲ್ ಜನ ತುಂಬಿದಾಗ ಸಾಲದೆ ಬರುತ್ತದೆ.