ಗೋಡೆಯ ಬೆನ್ನು

ಭಾನುವಾರ ಊಟವಾದ ಮೇಲೆ ದೊಡ್ಡಮ್ಮ ಎಲೆ ಅಡಿಕೆ ಮೆಲ್ಲುತ್ತಾ ನನ್ನ ಕೋಣೆಗೆ ಬಂದರು. ಮೇಜಿನ ಮೇಲೆ ಶ್ರೀರಂಗಪಟ್ಟಣದ ಕೋಟೆಯ ವಾಯವ್ಯ ಮೂಲೆ ಒಣಗುತ್ತಿತ್ತು. ಮೂರು ವಾರದ ಕೆಲಸ. ಕನ್ನಡಕ ಸರಿಪಡಿಸಿಕೊಂಡು ಬಾಗಿ ನೋಡಿ, "ಕಲ್ಲು ಕಲ್ಲಿನ ಹಾಗೆಯೇ ಇದೆ" ಎಂದರು. ನನಗೆ ಅಷ್ಟೇ ಸಾಕಿತ್ತು. ಅವರು ಅಲ್ಲಿಗೇ ನಿಲ್ಲದೆ ಮೇಜನ್ನು ಬಳಸಿ ಆಚೆ ಬದಿಗೆ ಹೋದರು. ಆ ಕಡೆ ಗೋಡೆಗೆ ಬಣ್ಣವಿರಲಿಲ್ಲ. ಬರಿಯ ರಟ್ಟು, ಅದರ ಮೇಲೆ ಮಿಕ್ಸಿಯ ಚಿತ್ರ ತಲೆಕೆಳಗಾಗಿ ನಿಂತಿತ್ತು.

"ಒಳಗೆ ಯಾರೂ ಇರಲಿಲ್ಲವೇನೋ?"

ಅವರು ಕೇಳಿದ್ದು ಇಷ್ಟೇ. "ಆಟಕ್ಕೆ ಒಳಗಿನ ಭಾಗ ಬೇಕಾಗುವುದಿಲ್ಲ ದೊಡ್ಡಮ್ಮ" ಎಂದೆ. "ಓ" ಎಂದು ಹಜಾರಕ್ಕೆ ಹೋಗಿ ಕುಳಿತರು. ದೊಡ್ಡಮ್ಮ ಹುಟ್ಟಿದ್ದು ಆ ಕೋಟೆಯ ಒಳಗೆ.

ನಮ್ಮದು ಬೊಂಬೆ ಸೈನಿಕರ ಯುದ್ಧದ ಆಟ. 28 ಮಿಲಿಮೀಟರ್ ಎತ್ತರದ ಸೈನಿಕರು, ಅಳತೆ ಪಟ್ಟಿ, ದಾಳ. ನನ್ನ ಜೊತೆ ಆಡುವ ಗೆಳೆಯ ಸಿದ್ಧ ಕೋಟೆಗಳನ್ನೇ ವಿದೇಶದಿಂದ ತರಿಸುತ್ತಾನೆ. ಒಳ್ಳೆಯವನು, ಆದರೆ ಕೈಯಲ್ಲಿ ಮಾಡಿದ್ದಕ್ಕೂ ಕೊಂಡದ್ದಕ್ಕೂ ಇರುವ ವ್ಯತ್ಯಾಸ ಅವನಿಗೆ ಎಂದೂ ತಿಳಿದಿಲ್ಲ. ನನ್ನ ಕೋಟೆಗಳು ಮನೆಯ ಒಣಕಸದಿಂದ ಹುಟ್ಟುತ್ತವೆ. ಮೊಟ್ಟೆಯ ಟ್ರೇಯನ್ನು ಚಿಕ್ಕ ಚಿಕ್ಕ ಚೂರುಗಳಾಗಿ ಹರಿದು, ಅಂಚುಗಳನ್ನು ಉಗುರಿನಿಂದ ಒತ್ತಿ, ಒಂದೊಂದನ್ನೇ ಫೆವಿಕಾಲ್‌ನಲ್ಲಿ ಅಂಟಿಸಿದರೆ ಅದು ಬೂದು ಗ್ರಾನೈಟ್ ಆಗುತ್ತದೆ. ಟ್ರೇಯ ಒರಟುತನವೇ ಕಲ್ಲಿನ ಒರಟುತನ. ಮೊದಲು ಕಪ್ಪು ಬಣ್ಣ ಬಳಿದು, ಒಣಗಿದ ಮೇಲೆ ಹೆಚ್ಚುಕಡಿಮೆ ಒಣಗಿದ್ದೇ ಆದ ಕುಂಚದಲ್ಲಿ ತಿಳಿಬೂದು ಸವರಿದರೆ ಉಬ್ಬಿದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ. ಕಾಫಿ ಫಿಲ್ಟರಿನ ಚರಟವನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಮಣ್ಣು. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ, ಒಮ್ಮೆ ಇಡೀ ಹೊಲವೇ ಹಾಳಾಗಿತ್ತು. ಸಿಹಿತಿಂಡಿ ಡಬ್ಬದ ಪಾರದರ್ಶಕ ಮುಚ್ಚಳ ಕಾವೇರಿಯ ನೀರು. ಥರ್ಮಾಕೋಲ್ ಕೊತ್ತಳಕ್ಕೆ ಮಾತ್ರ ಕುಂಚವೇ ಆಗಬೇಕು. ಸ್ಪ್ರೇ ಬಣ್ಣದ ದ್ರಾವಕಕ್ಕೆ ಅದು ಕಣ್ಣೆದುರೇ ಕರಗಿ ಹೋಗುತ್ತದೆ.

ನಾನು ಕಟ್ಟುತ್ತಿದ್ದದ್ದು 1799ರ ಮೇ 4ರ ಮಧ್ಯಾಹ್ನವನ್ನು, ಟಿಪ್ಪು ಸುಲ್ತಾನನ ಈ ಕೋಟೆ ಇಂಗ್ಲಿಷರ ಕೈಗೆ ಬಿದ್ದ ದಿನವನ್ನು. ಮಳೆಗಾಲ ಬಂದು ಹೊಳೆ ತುಂಬಿದರೆ ಮುತ್ತಿಗೆ ಸಾಗುವುದಿಲ್ಲವೆಂದು ಇಂಗ್ಲಿಷರಿಗೆ ಆತುರ. ಫಿರಂಗಿಗಳು ಗೋಡೆ ಒಡೆದಿದ್ದವು. ಬಂಡೆಗಳೆದ್ದ ಬೇಸಿಗೆಯ ಹೊಳೆಯನ್ನು ಹಾಯ್ದು ಅವರ ಸೇನಾಧಿಕಾರಿ ಡೇವಿಡ್ ಬೈರ್ಡ್‌ನ ಪಡೆ ಒಡೆದ ಜಾಗವನ್ನು ಹತ್ತಿತು, ಅಲ್ಲಿಂದ ಎಡಕ್ಕೂ ಬಲಕ್ಕೂ ಎರಡಾಗಿ ಸೀಳಿ ಗೋಡೆಯ ಮೇಲೆಯೇ ಮುಂದುವರಿಯಿತು. ಆದ್ದರಿಂದಲೇ ನಮ್ಮ ಆಟಕ್ಕೆ ಹೊಳೆ, ಕಂದಕ, ಗೋಡೆಯ ತಲೆ, ಇಷ್ಟು ಸಾಕು. ದೊಡ್ಡಮ್ಮನಿಗೆ ನಾನು ಹೇಳಿದ್ದು ಸುಳ್ಳಲ್ಲ.

ಆದರೂ ರಾತ್ರಿ ಮಲಗಿದಾಗ ಅದೇ ಮಾತು. ಒಳಗೆ ಯಾರೂ ಇರಲಿಲ್ಲವೇನೋ? ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು, ಮನೆಗೆ ಬಂದವರು 'ಮಕ್ಕಳು ಎಲ್ಲಿ?' ಎಂದು ಕೇಳುವ ಹಾಗೆ.

ಸೋಮವಾರ ಪುಸ್ತಕಗಳನ್ನು ತೆಗೆದು ಕುಳಿತೆ. ನಾನು ನೋಡಿ ನೋಡಿ ಗೋಡೆ ಕಟ್ಟಿದ ಹಳೆಯ ಚಿತ್ರಗಳೆಲ್ಲ ಹೊಳೆಯ ಆಚೆ ದಡದಿಂದ ಬರೆದವು, ಮುತ್ತಿಗೆ ಹಾಕಿದವರ ಕಣ್ಣಿನವು. 1800ರಲ್ಲೇ ರಾಬರ್ಟ್ ಕೆರ್ ಪೋರ್ಟರ್ ಈ ದಾಳಿಯ ಬೃಹತ್ ಚಿತ್ರವನ್ನು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಿದ್ದ, ಜನ ದುಡ್ಡು ಕೊಟ್ಟು ನೋಡಿದ್ದರು. ಗೋಡೆ ಒಡೆದ ಜಾಗದ ಹತ್ತಿರ 1907ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭವೂ ಮುತ್ತಿಗೆ ಹಾಕಿದ ಸೈನ್ಯದ ನೆನಪಿನದೇ. ಶಾಲೆಯ ಪ್ರವಾಸದಲ್ಲಿ ಅದರ ಬುಡದಲ್ಲಿ ಕುಳಿತು ಚಿತ್ರಾನ್ನ ತಿಂದಿದ್ದೇನೆ. ನಾನು, ಈ ಊರಿನ ಮಗಳ ಮಗ, ಹೊಳೆಯ ಆಚೆ ದಡದಲ್ಲಿ ನಿಂತು ಕೋಟೆ ಕಟ್ಟಿದ್ದೆ. ಬೈರ್ಡ್‌ಗಾದರೂ ಕೋಟೆಯ ಒಳಗು ಗೊತ್ತಿತ್ತು. 1780ರಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಮೈಸೂರಿನ ಸೈನ್ಯಕ್ಕೆ ಸೆರೆಸಿಕ್ಕು ಸುಮಾರು ನಾಲ್ಕು ವರ್ಷ ಅಲ್ಲೇ ಬಂದಿಯಾಗಿದ್ದವನು. ಒಳಗೆ ರಂಗನಾಥನ ಗುಡಿ ಇತ್ತು, ಜುಮ್ಮಾ ಮಸೀದಿ ಇತ್ತು, ಬೀದಿಗಳಿದ್ದವು. ಕೋಟೆ ಬಿದ್ದ ರಾತ್ರಿ ಆ ಬೀದಿಗಳ ಮನೆಗಳನ್ನು ಸೈನಿಕರು ದೋಚಿದರು. ಮರುದಿನ ಆರ್ಥರ್ ವೆಲ್ಲೆಸ್ಲಿ ಅಧಿಕಾರ ವಹಿಸಿಕೊಂಡು ದೋಚುವವರಲ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಅದು ನಿಂತದ್ದು. ಇದನ್ನೆಲ್ಲ ನಾನು ಎಷ್ಟೋ ವರ್ಷಗಳ ಹಿಂದೆಯೇ ಓದಿದ್ದೆ. ನಮ್ಮ ಆಟ ಸಂಜೆಗೆ ಮುಗಿಯುತ್ತದೆ, ಆ ರಾತ್ರಿ ಅದರಲ್ಲಿ ಬರುವುದೇ ಇಲ್ಲ.

ಮಂಗಳವಾರ ಬೆಳಿಗ್ಗೆ ನೋಡಿದರೆ ಗೋಡೆ ಬಾಗಿತ್ತು. ರಟ್ಟಿನ ಒಂದೇ ಮೈಗೆ ಅಂಟು, ಬಣ್ಣ ಬಳಿದರೆ ಒಣಗುವಾಗ ಆ ಮೈ ಕುಗ್ಗಿ ಇಡೀ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನನ್ನ ಗೋಡೆಯ ಎರಡು ತುದಿಗಳೂ ಹೊಳೆಯ ಕಡೆಗೆ ಬಗ್ಗಿದ್ದವು. ಈ ಕೆಲಸದಲ್ಲಿ ಮೊದಲು ಕಲಿಯುವ ಪಾಠ ಇದು: ಎಷ್ಟು ಬಳಿದೆಯೋ ಅಷ್ಟನ್ನು ಬೆನ್ನಿಗೂ ಬಳಿ. ಯಾರೂ ನೋಡದ ಬದಿ ಎಂದು ಬಿಟ್ಟಿದ್ದೆ. ಬೆನ್ನಿಗೆ ನೀರು ಬೆರೆಸಿದ ಫೆವಿಕಾಲ್ ಬಳಿದು, ಮಟ್ಟಸವಾಗುವವರೆಗೆ ನಿಘಂಟಿನ ಸಂಪುಟಗಳನ್ನು ಹೇರಿದೆ. ಸಂಜೆ ಮಿಕ್ಸಿಯ ಚಿತ್ರದ ಮೇಲೆ ಮೊಟ್ಟೆಯ ಟ್ರೇಯ ಕಲ್ಲು ಅಂಟಿಸಲು ಕುಳಿತೆ.

ಆಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿ, ನಿಮ್ಮ ಮನೆ ಹೇಗಿತ್ತು ಹೇಳಿ ಎಂದೆ. ಅವರ ಮನೆ 1799ರದ್ದಲ್ಲ, ಅದು ನಮ್ಮಿಬ್ಬರಿಗೂ ಗೊತ್ತು. ಆದರೂ ಒಂದು ಗಂಟೆ ಹೇಳಿದರು. ಬೀದಿಗೆ ಜಗಲಿ, ನಡುವೆ ತೊಟ್ಟಿ, ಹಿತ್ತಲಲ್ಲಿ ಬಾವಿ, ಗುಡಿಯ ಗಂಟೆ ಕೇಳಿದ ಮೇಲೆಯೇ ಅಜ್ಜಿ ಒಲೆ ಹೊತ್ತಿಸುತ್ತಿದ್ದದ್ದು. ರಟ್ಟಿನ ಮೇಲಿನ ಕಾಗದವನ್ನು ಒದ್ದೆ ಮಾಡಿ ಸುಲಿದರೆ ಒಳಗಿನ ಅಲೆಯಲೆ ಪದರ ಕಾಣುತ್ತದೆ. ಅದನ್ನೇ ಕೆಮ್ಮಣ್ಣಿನ ಬಣ್ಣದಲ್ಲಿ ಅದ್ದಿದಾಗ ನಾಡಹಂಚಿನ ಮಾಡು ಬಂದುಬಿಟ್ಟಿತು. ಬೆಂಕಿಪೊಟ್ಟಣದ ಬದಿಗಳು ಜಗಲಿಯಾದವು, ಟೂತ್‌ಪೇಸ್ಟಿನ ಮುಚ್ಚಳ ಬಾವಿ. ಗುರುವಾರದ ಹೊತ್ತಿಗೆ ಐದು ಮನೆಗಳ ಒಂದು ಬೀದಿ ಎದ್ದಿತ್ತು. ಇಷ್ಟು ಸಂತೋಷದಿಂದ ನಾನು ಏನನ್ನೂ ಕಟ್ಟಿರಲಿಲ್ಲ.

ಫೋಟೋ ನೋಡಿದ ಗೆಳೆಯ ತಕ್ಷಣ ಕೇಳಿದ, "ಈ ಮನೆಗಳಿಗೆ ಎಷ್ಟು ಅಂಕ? ಯಾರ ಕಡೆಯವು?"

ಸಿಟ್ಟು ಬಂತು, ಆದರೆ ಅವನ ಪ್ರಶ್ನೆ ತಪ್ಪಲ್ಲ. ನಮ್ಮ ನಿಯಮದಲ್ಲಿ ಎಲ್ಲವೂ ಒಂದು ಕಡೆಗೆ ಸೇರಲೇಬೇಕು. ಒಲೆ ಹೊತ್ತಿಸುವವಳಿಗೆ ಯಾವ ದಾಳ? ಶನಿವಾರ ಅವನು ಬಂದಾಗ ಆಟ ಶುರುಮಾಡುವ ಮೊದಲು ಅವನ ಕುರ್ಚಿಯನ್ನು ಮೇಜಿನ ಆಚೆ ಬದಿಯಲ್ಲಿ, ಬೀದಿಯ ಹಿಂದೆ ಹಾಕುತ್ತೇನೆ.

ಇವತ್ತು ದೊಡ್ಡಮ್ಮನಿಗೂ ಫೋಟೋ ಕಳಿಸಿದೆ. ಬಾವಿ ಇನ್ನೂ ಸ್ವಲ್ಪ ಎಡಕ್ಕೆ ಬರಬೇಕಂತೆ, ರಾಟೆಯೂ ಬೇಕಂತೆ. ಹಳೆಯ ಅಂಗಿಯ ಗುಂಡಿಯೊಂದನ್ನು ತೆಗೆದಿಟ್ಟಿದ್ದೇನೆ.